ಡ್ಯಾಶ್‌ಬೋರ್ಡಿನ ಗೊಂಬೆ

ಮಾವ ಜೀಪಿನ ಕೀ ಕೊಡಲಿಲ್ಲ. ಕೊಡುವುದಿಲ್ಲ ಎಂದೂ ಹೇಳಲಿಲ್ಲ. ಗ್ರೀಸ್ ಮೆತ್ತಿದ ಕೈಯನ್ನು ಹಳೇ ಬಟ್ಟೆಗೆ ಒರೆಸಿಕೊಂಡರು.

"ನಿಂಗೆ ಗಾಡಿ ಓಡಿಸೋಕೆ ಬರಲ್ಲ ಅಂತಲ್ಲಮ್ಮ. ನಿಂಗೆ ಹೆದರಿಕೆ ಇಲ್ಲ. ಹೆದರಿಕೆ ಇಲ್ದೇ ಇರೋರನ್ನ ಆ ಗುಡ್ಡಕ್ಕೆ ಕಳಿಸೋಕಾಗಲ್ಲ."

ಅವರು ಹೇಳಿದ್ದು ನಿಜ. ಜ್ವರ ಎಂದು ಆಸ್ಪತ್ರೆಗೆ ಹೋದ ನನ್ನ ಗಂಡ ಮನೆಗೆ ಮರಳಲಿಲ್ಲ. ಅಂದಿನಿಂದ ನನಗೆ ಯಾವುದಕ್ಕೂ ಹೆದರಿಕೆಯಾಗಿಲ್ಲ. ದುಃಖ, ಸಂತೋಷ, ಬೇರೆ ಯಾವುದೂ ಅಷ್ಟಾಗಿ ಆಗಿಲ್ಲ. ಕಾದ ಪಾತ್ರೆ ತಾಗಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ, ಬಿಸಿ ಎಂದು ನನಗೆ ಆಮೇಲೆ ತಿಳಿಯುತ್ತದೆ.

ನಾನು ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಗುಡ್ಡದ ತುದಿಯಲ್ಲಿ ನಮ್ಮದೊಂದು ಗಾಳಿ ಅಳೆಯುವ ಕಂಬವಿದೆ. ಅದರ ಬ್ಯಾಟರಿಗಳನ್ನು ಹೊತ್ತುಕೊಂಡು ಹತ್ತಲಾಗುವುದಿಲ್ಲ, ಮಾಮೂಲಿ ಗಾಡಿ ಅಲ್ಲಿಗೆ ಹೋಗುವುದಿಲ್ಲ. ನನ್ನ ಗಂಡ ತನ್ನ ಫೋರ್ ವೀಲ್ ಜೀಪಿನಲ್ಲಿ ಕರೆದೊಯ್ಯುತ್ತಿದ್ದ. ನಮ್ಮ ಪರಿಚಯವಾದದ್ದೂ ಹಾಗೆಯೇ. ಈಗ ಕೇಂದ್ರದವರು, ಹೋಗಿಬರುವ ದಾರಿ ನೋಡಿಕೊಳ್ಳದಿದ್ದರೆ ಕಂಬವನ್ನೇ ಇಳಿಸಿಬಿಡುತ್ತೇವೆ, ನೀವು ಊರಿನ ಆಫೀಸಿನಲ್ಲಿ ಕೂತು ಬೇರೆಯವರ ಅಂಕಿಗಳನ್ನು ನೋಡಿ ಎಂದಿದ್ದರು. ಬೇಕು ಅನಿಸುವುದು ನನಗೆ ಕಡಿಮೆಯಾಗಿತ್ತು. ಆ ಕಂಬ ಬೇಕಿತ್ತು.

ಗ್ಯಾರೇಜು ಮನೆಯ ಮುಂದೆಯೇ. ತಗಡಿನ ಸೂರು, ಗೋಡೆಗೆ ಅಳತೆಯ ಪ್ರಕಾರ ನೇತುಹಾಕಿದ ಸ್ಪ್ಯಾನರುಗಳು, ಮುಂಭಾಗದಲ್ಲಿ ಗಾಡಿ ತೊಳೆಯುವ ಜಾಗ. ಅಲ್ಲಿನ ಸಿಮೆಂಟು ನೆಲವನ್ನು ಮಾವ ಸ್ವಂತ ಕೈಯಿಂದ ಹಾಕಿದ್ದರು. ಎಷ್ಟು ನೀರು ಸುರಿದರೂ ಒಂದು ಹನಿ ನಿಲ್ಲುವುದಿಲ್ಲ, ಎಲ್ಲ ಎಡಗಡೆಯ ಚರಂಡಿಗೆ ಹೋಗುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನೀರಷ್ಟೇ ಅಲ್ಲ, ಕೈತಪ್ಪಿ ಬಿದ್ದ ನಟ್ಟು, ವಾಷರು, ಒಮ್ಮೆ ಅತ್ತೆಯ ಈರುಳ್ಳಿ ಕೂಡ ಅಲ್ಲಿಗೇ ಹೋಗಿದ್ದವು. ಏನು ಕಳೆದರೂ ಚರಂಡಿಯ ಜಾಲರಿಯ ಹತ್ತಿರ ಮೊದಲು ಹುಡುಕುವುದು ನಮ್ಮ ಮನೆಯ ರೂಢಿ.

ತಂದೆ ಮಗನ ನಡುವೆ ಒಂದು ಹಳೇ ಜಗಳವಿತ್ತು. ಅದು ಜೀಪಿನ ಡ್ಯಾಶ್‌ಬೋರ್ಡಿನ ಮೇಲಿನ ಒಂದು ದುಂಡನೆಯ ಡಬ್ಬಿಯದು. ಗಾಡಿ ಪಕ್ಕಕ್ಕೆ ಎಷ್ಟು ವಾಲಿದೆ ಎಂದು ತೋರಿಸುವ ಮೀಟರು. ಗಾಜಿನೊಳಗೆ ಹಿಂದಿನಿಂದ ಕಂಡಂತೆ ಜೀಪಿನ ಪುಟ್ಟ ಚಿತ್ರ, ಅದರ ಮುಂದೆ ಕೆಳಮುಖವಾಗಿ ತೂಗುವ ಒಂದು ಮುಳ್ಳು, ಸುತ್ತ ಗೀಟುಗಳು, ಎರಡು ಬದಿಯಲ್ಲೂ ಕೊನೆಗೆ ಕೆಂಪು ಪಟ್ಟಿ. ಮಾವ ಅದನ್ನು ಗೊಂಬೆ ಎನ್ನುತ್ತಿದ್ದರು. ಗೊಂಬೆ ನೋಡುವಾಗ ನೆಲ ನೋಡುವವರು ಯಾರು? ನೆಲ ಮೆತ್ತಗಿದೆಯೋ ಗಟ್ಟಿಯಿದೆಯೋ ಅದಕ್ಕೆ ಗೊತ್ತೇ? ಮೇಲೆ ಎಷ್ಟು ಭಾರ ಹೇರಿದ್ದೀರಿ ಎಂದು ಗೊತ್ತೇ? ಗಾಡಿ ಓಡಿಸುವವನಿಗೆ ಸೊಂಟ ಇದೆ, ಸಾಕು. ಮಗ ಬಿಡುತ್ತಿರಲಿಲ್ಲ. ಓರೆಯಲ್ಲಿ ಹೆಚ್ಚು ಹೊತ್ತು ಕೂತರೆ ಸೊಂಟ ಅದೇ ಸಮ ಅಂದುಕೊಳ್ಳುತ್ತದೆ, ಮುಳ್ಳು ಹಾಗೆ ಮೋಸಹೋಗುವುದಿಲ್ಲ ಎನ್ನುತ್ತಿದ್ದ. ಮಾವ ಊಟ ಮುಗಿಸಿ ಕೈ ತೊಳೆಯುತ್ತ ಕೊನೇ ಮಾತು ಆಡುತ್ತಿದ್ದರು: "ಮನೆ ಮುಂದೆ ನಿಂತಾಗ ನೆಟ್ಟಗೆ ತೋರಿಸುತ್ತೆ. ಅದನ್ನ ಹೇಳೋಕೆ ಗೊಂಬೆ ಬೇಕೇನೋ?"

ಆ ದಿನ ಕೀ ವಿಷಯವನ್ನು ತೀರ್ಮಾನ ಮಾಡಿದವರು ಅತ್ತೆ. ತರಕಾರಿ ಹೆಚ್ಚುತ್ತಲೇ, ತಲೆಯೆತ್ತದೆ ಹೇಳಿದರು.

"ರೀ, ನೀವೂ ಜೊತೇಲಿ ಹೋಗಿ ಬನ್ನಿ. ನಿಮ್ಮ ಹತ್ರ ಇರೋ ಹೆದರಿಕೆ ಇಬ್ರಿಗೂ ಸಾಕು."

ಮಾವ ಒಪ್ಪಿದರು. ಒಂದು ಸಲ ಹೋಗಿಬರುವುದು. ಅವರು ನಿಲ್ಲಿಸು ಎಂದರೆ ನಿಲ್ಲಿಸಬೇಕು. ವಾಪಸ್ ಬಂದ ಮೇಲೆ ಅವರಿಗೆ ಸರಿ ಅನಿಸಿದರೆ ಕೀ ನನ್ನದು. ಇಲ್ಲವಾದರೆ ಆ ಮಾತು ಮತ್ತೆ ಎತ್ತಬಾರದು.

ಬೆಳಿಗ್ಗೆ ಹೊರಟೆವು. ಟಾರು ರಸ್ತೆ ಮುಗಿದ ಮೇಲೆ ಕಲ್ಲಿನ ದಾರಿ, ಕಲ್ಲು ಮುಗಿದ ಮೇಲೆ ಹುಲ್ಲು. ಆಮೇಲೆ ಗುಡ್ಡದ ಪಕ್ಕೆ. ಅಲ್ಲಿ ದಾರಿ ಮೇಲಕ್ಕೆ ಹತ್ತುವುದಿಲ್ಲ, ಇಳಿಜಾರಿಗೆ ಅಡ್ಡವಾಗಿ ಸಾಗುತ್ತದೆ. ಬಲಕ್ಕೆ ಹುಲ್ಲಿನ ಗೋಡೆ ಆಕಾಶದವರೆಗೆ. ಎಡಕ್ಕೆ ಅದೇ ಹುಲ್ಲು ಕೆಳಗಿಳಿದು, ಇಳಿದು, ಎಲ್ಲೋ ಮಂಜಿನಲ್ಲಿ ಕಾಣದಾಗುತ್ತದೆ. ನನ್ನ ಗಂಡ ಇಲ್ಲಿ ಮಾತು ನಿಲ್ಲಿಸುತ್ತಿದ್ದ. ದೊಡ್ಡವರ ಕೋಣೆಗೆ ಕಾಲಿಡುವ ಹಾಗೆ ಗಾಡಿಯನ್ನು ಒಳಗೆ ಬಿಡುತ್ತಿದ್ದ.

ನಾನೂ ಹಾಗೇ ಬಿಟ್ಟೆ. ಜೀಪು ಎಡಕ್ಕೆ ವಾಲಿತು. ಮಾವ ಇಳಿಜಾರಿನ ಕಡೆಯ ಸೀಟಿನಲ್ಲಿ ಕೂತು ಮೇಲಿನ ಹಿಡಿಯನ್ನು ಹಿಡಿದಿದ್ದರು. ನನಗೆ ಏನೂ ಅನಿಸಲಿಲ್ಲ. ನಾನು ನೆಲ ನೋಡುತ್ತಿದ್ದೆ, ನಡುನಡುವೆ ಮುಳ್ಳನ್ನು. ನನ್ನೊಳಗೆ ಅಳೆಯುವುದಕ್ಕೆ ಏನೂ ಇರಲಿಲ್ಲ, ಹಾಗಾಗಿ ಅದನ್ನೇ ನಂಬಿದ್ದೆ. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಎಷ್ಟೋ ಸಲ ನೋಡಿದ್ದ ವಿಷಯ ಅಲ್ಲಿ ಹೊಸದಾಗಿ ಕಂಡಿತು. ಗಾಡಿ, ಬಾಗಿಲು, ನಾವಿಬ್ಬರು, ಹಿಂದಿನ ಬ್ಯಾಟರಿಗಳು, ಎಲ್ಲ ವಾಲಿದ್ದೆವು. ಆ ಬೆರಳುದ್ದದ ಮುಳ್ಳು ಮಾತ್ರ ವಾಲಿರಲಿಲ್ಲ. ನಾವು ಅದರ ಸುತ್ತ ತಿರುಗುತ್ತಿದ್ದೆವು. ಅದು ಈ ಗುಡ್ಡವನ್ನು ದಾಟಿ, ಗುಡ್ಡದ ಬುಡವನ್ನು ದಾಟಿ, ಭೂಮಿಯ ನಡುವನ್ನು ತೋರಿಸುತ್ತ ನಿಂತಿತ್ತು.

ದಾರಿ ಒಂದು ಕಡೆ ಕೆಟ್ಟಿತ್ತು. ಮಳೆಗೆ ಕೆಳಗಿನ ಗಾಲಿಯ ಜಾಡು ಕೊಚ್ಚಿಹೋಗಿ ಆಳವಾಗಿತ್ತು. ಮುಂದಿನ ಗಾಲಿ ಮೆಲ್ಲಗೆ ಅದರೊಳಗೆ ಇಳಿಯಿತು.

"ನಿಲ್ಸು," ಎಂದರು ಮಾವ.

ಕೆಂಪು ಪಟ್ಟಿಗೆ ಇನ್ನೂ ಮೂರು ಗೀಟು ಇದೆ ಎಂದೆ.

"ನಿನ್ನ ಗೀಟು ಹಾಗಿರಲಿ. ಮುಗೀತು ಅಂತಿದೆ ನನ್ನ ಸೊಂಟ. ನಿಲ್ಸು, ತಾಯಿ."

ಮಾತು ಕೊಟ್ಟಿದ್ದೆ, ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು ಮತ್ತೆ ಮೀಟರು ನೋಡಿದೆ. ಗಾಜಿನ ಮೇಲೆ ಎಡಬದಿಯಲ್ಲಿ, ಕೆಂಪಿಗಿಂತ ಮೊದಲು, ಒಂದು ಚುಕ್ಕೆಯಿತ್ತು. ನನ್ನ ಉಗುರುಬಣ್ಣದ ಚುಕ್ಕೆ. ಬಾಗಿಲಿನ ಗೀರು ಮುಚ್ಚಬೇಕು ಎಂದು ನನ್ನ ಗಂಡ ಒಮ್ಮೆ ಬಾಟಲಿ ಒಯ್ದಿದ್ದ, ಅತ್ತೆ ದಿನವಿಡೀ ಅವನನ್ನು ರೇಗಿಸಿದ್ದರು. ಅದು ಆಗ ಸಿಡಿದದ್ದು ಎಂದುಕೊಂಡಿದ್ದೆ. ಮುಳ್ಳಿನ ತುದಿ ಈಗ ಸರಿಯಾಗಿ ಆ ಚುಕ್ಕೆಯ ಮೇಲಿತ್ತು. ಬಲಬದಿಯಲ್ಲಿ ಅಂಥ ಚುಕ್ಕೆ ಇರಲಿಲ್ಲ.

ಬರೀ ಜಾಗ್ರತೆಗೆ ಇಟ್ಟದ್ದಾದರೆ ಎರಡೂ ಕಡೆ ಇಡುತ್ತಿದ್ದ.

ಮಾವನ ಜೇಬಿನಲ್ಲಿ ಸದಾ ಇರುವ ಸ್ಟೀಲ್ ಸ್ಕೇಲನ್ನು ಕೇಳಿದೆ. ಅವರು ಒಂದು ಕೈಯಿಂದ ಹಿಡಿಯನ್ನು ಬಿಡದೆ ಕೊಟ್ಟರು. ಡ್ಯಾಶ್‌ಬೋರ್ಡಿನ ಅಂಚಿಗೆ ಸಮವಾಗಿ ಅದನ್ನು ಡಬ್ಬಿಯ ಮುಂದೆ ಹಿಡಿದೆ. ಡಬ್ಬಿ ಅಂಚಿಗೆ ಸಮನಾಗಿರಲಿಲ್ಲ. ಮೂರು ಗೀಟಿನಷ್ಟು ತಿರುಗಿ ಅಂಟಿಕೊಂಡಿತ್ತು. ಅಂದರೆ ನಾವು ಎಡಕ್ಕೆ ವಾಲಿದಾಗ ಗೀಟುಗಳು ಮೂರು ಕಡಿಮೆ ಹೇಳುತ್ತಿದ್ದವು. ಚುಕ್ಕೆ ಇದ್ದ ಜಾಗವೇ ನಿಜವಾದ ಕೆಂಪು. ಮಾವನ ಸೊಂಟ ನಿಲ್ಲಿಸು ಎಂದ ಜಾಗವೂ ಅದೇ.

"ಇದನ್ನ ಎಲ್ಲಿ ನಿಲ್ಸಿ ಅಂಟಿಸಿದ್ದ, ಮಾವ?"

"ಇನ್ನೆಲ್ಲಿ, ನಮ್ಮ ತೊಳೆಯೋ ಜಾಗದಲ್ಲಿ. ಗಾಡಿ ನಿಲ್ಸಿ, ಮುಳ್ಳು ಸೊನ್ನೆಗೆ ಕೂರಿಸಿ, ಆ ಕಲ್ಲಿನಂಥ ಗೋಂದು..." ಮಾತು ಅಲ್ಲಿಗೇ ನಿಂತಿತು. ಅವರು ಡಬ್ಬಿಯನ್ನು ನೋಡಿದರು, ಸ್ಕೇಲನ್ನು ನೋಡಿದರು. "ಅಯ್ಯೋ. ನನ್ನ ನೆಲ. ಚರಂಡಿ ಕಡೆಗೆ ಓರೆ ಅಲ್ವಾ ಅದು."

ಆಮೇಲೆ ನಕ್ಕರು. ವಾಲಿದ ಗಾಡಿಯಲ್ಲಿ, ಹಿಡಿಗೆ ಜೋತುಬಿದ್ದು, ಸದ್ದಿಲ್ಲದೆ, ಹೊಟ್ಟೆ ಕುಣಿಸಿ ನಕ್ಕರು. ಕಣ್ಣು ಒರೆಸಿಕೊಂಡರು. ಕಳ್ಳ, ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ ನೋಡು ಎಂದರು. ಹೇಳಿದ್ದರೆ ಜಗಳದಲ್ಲಿ ಸೋತ ಹಾಗೆ ಆಗುತ್ತಿತ್ತಲ್ಲ. ಅಪ್ಪನಿಗೆ ಗೊತ್ತಾಗದಂತೆ ಕಿತ್ತು ಸರಿಮಾಡಲು ಗೋಂದು ಬಿಡುತ್ತಿರಲಿಲ್ಲ. ಹೆಂಡತಿಯ ಬಾಟಲಿಯಿಂದ ಒಂದು ಚುಕ್ಕೆ ಇಟ್ಟು ಸುಮ್ಮನಾಗಿದ್ದ.

ನಾನು ನಗಲಿಲ್ಲ. ಅಪ್ಪನಿಗೆ ಮೈಯೊಳಗೆ ತಿಳಿದದ್ದು, ಮಗನಿಗೆ ಗಾಜಿನ ಮೇಲೆ ಸಿಕ್ಕಿದ್ದು, ಎರಡೂ ಈ ಬೆಟ್ಟದಷ್ಟು ಹುಲ್ಲಿನ ನಡುವೆ ಸಾಸಿವೆಯಷ್ಟು ಜಾಗದಲ್ಲಿ ಬಂದು ಸೇರಿದ್ದವು. ಅವರಿಬ್ಬರೂ ಒಂದೇ ಮಾತು ಹೇಳುತ್ತ ಇಷ್ಟು ವರ್ಷ ಜಗಳವಾಡಿದ್ದರು. ನಾನು ಗಾಜಿನ ಮೇಲೆ ಬೆರಳಿಟ್ಟೆ. ಆಗ ಎಡಗಡೆಯ ಕಿಟಕಿಯಲ್ಲಿ ಕೆಳಗಿನದು ಕಂಡಿತು.

ಮೊದಲು ಮೊಣಕಾಲು ನಡುಗಿತು. ಕ್ಲಚ್ಚಿನ ಮೇಲಿದ್ದ ಕಾಲು ಅಲುಗಾಡಿ, ಪೆಡಲು ಟಕಟಕ ಎನ್ನತೊಡಗಿತು. ಎಷ್ಟು ಆಳ, ಎಷ್ಟು ಅಗಲ. ಹಾರುತ್ತಿದ್ದ ಹಕ್ಕಿಯೊಂದರ ಬೆನ್ನು ನಮಗಿಂತ ಎಷ್ಟೋ ಕೆಳಗೆ ಹೊಳೆಯಿತು. ಇದೆಲ್ಲ ಇಷ್ಟು ಹೊತ್ತು ಅಲ್ಲೇ ಇತ್ತು. ಇಷ್ಟು ತಿಂಗಳೂ ಇತ್ತು. ನನಗೆ ಕಣ್ಣು ತೆಗೆಯಲಾಗಲಿಲ್ಲ.

ಮಾವ ಪೆಡಲಿನ ಸದ್ದು ಕೇಳಿಸಿಕೊಂಡರು. ನನ್ನ ಕಾಲನ್ನು ನೋಡಿದರು.

ಬಂದ ಜಾಡಿನಲ್ಲೇ ನಿಧಾನವಾಗಿ ಹಿಂದಕ್ಕೆ ತಂದೆ. ಇಳಿದು, ಹುಲ್ಲಿನಲ್ಲಿ ಹುದುಗಿದ್ದ ಚಪ್ಪಟೆ ಕಲ್ಲುಗಳನ್ನು ಇಬ್ಬರೂ ಕಿತ್ತು ತಂದು ಕೊಚ್ಚಿದ ಜಾಡಿಗೆ ತುಂಬಿದೆವು. ಮಾವ ಪ್ರತಿ ಕಲ್ಲನ್ನೂ ಹಿಮ್ಮಡಿಯಿಂದ ತುಳಿದು ಕೂರಿಸಿದರು. ನೆಲ ಹಾಕುವ ಕೆಲಸ ನನಗೆ ಹೇಳಿಕೊಡಬೇಡ, ಅದರಲ್ಲಿ ನನಗೆ ಹೆಸರಿದೆ ಎಂದರು. ಎರಡನೇ ಸಲ ಹೋದಾಗ ಮುಳ್ಳು ಚುಕ್ಕೆಯ ಹತ್ತಿರ ಬಂತು, ಮುಟ್ಟಲಿಲ್ಲ. ನನ್ನ ಕಾಲು ದಾಟುವವರೆಗೂ ನಡುಗುತ್ತಲೇ ಇತ್ತು.

ತುದಿಯಲ್ಲಿ ಕಂಬದ ಪಕ್ಕ ಕಾಂಕ್ರೀಟಿನ ಕಟ್ಟೆಯಿದೆ. ಅದನ್ನು ಹಾಕಿಸಿದಾಗ ರಸಮಟ್ಟ ಹಿಡಿದು ಸಮ ನೋಡಿದವಳು ನಾನೇ. ಜೀಪನ್ನು ಅದರ ಮೇಲೆ ನಿಲ್ಲಿಸಿ ಎಂಜಿನ್ ಆರಿಸಿದೆ. ಗಾಳಿಯ ಸದ್ದು ಒಂದೇ ಉಳಿಯಿತು. ಕೀ ತೆಗೆದು ಮಾವನ ಮುಂದೆ ಹಿಡಿದೆ. ಕೈ ಇನ್ನೂ ಅದುರುತ್ತಿತ್ತು.

ಅವರು ತೆಗೆದುಕೊಳ್ಳಲಿಲ್ಲ. "ಇಟ್ಕೋ," ಎಂದರು. "ವಾಪಸ್ ಹೋಗುವಾಗಲೂ ಹೀಗೇ ನಡುಗ್ತಾ ಓಡಿಸು."

ಗಾಡಿಯಿಂದ ಇಳಿಯುವ ಮೊದಲು ಅವರು ಒಮ್ಮೆ ಬಗ್ಗಿ ಗೊಂಬೆಯನ್ನು ನೋಡಿದರು. ಪೂರ್ತಿ ಸಮವಾದ ಆ ಕಟ್ಟೆಯ ಮೇಲೆ ಮುಳ್ಳು ನೆಟ್ಟಗೆ ತೂಗುತ್ತಿತ್ತು. ಪುಟ್ಟ ಜೀಪಿನ ಚಿತ್ರ ಮಾತ್ರ ಮೂರು ಗೀಟು ಬಲಕ್ಕೆ ವಾಲಿ ನಿಂತಿತ್ತು. ಮನೆಗೆ ಹೋಗಿ ಗೋಂದು ಕೆರೆದು ಸರಿಮಾಡಿಬಿಡಲೇ ಎಂದು ಕೇಳಿದರು.

ಬೇಡ, ಅವನ ಚುಕ್ಕೆ ಇದೆಯಲ್ಲ ಎಂದೆ. ಬ್ಯಾಟರಿಯ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ. ಕಂಬದ ಮೇಲೆ ಗಾಳಿ ಅಳೆಯುವ ಬಟ್ಟಲುಗಳು ಜೋರಾಗಿ ತಿರುಗುತ್ತಿದ್ದವು.