ಧಾರೆಯ ಹೊತ್ತಿಗೆ ನಿಲ್ಲುವ ವಿಡಿಯೋ

ರಾಯದುರ್ಗದ ಆ ಓಣಿಯಲ್ಲಿ ಗೋಡೆ ತುಂಬುವಂಥ ಟೀವಿ ಇದ್ದದ್ದು ಮಂಜಮ್ಮನ ಮನೆಯಲ್ಲಿ ಮಾತ್ರ. ಅದರ ಎರಡೂ ಕಡೆ ಸ್ಪೀಕರುಗಳು, ಪಕ್ಕದ ಸ್ಟೂಲಿನ ಮೇಲೆ ಒಂದು ಕಂಪ್ಯೂಟರ್. ಮಗ ರಂಗನಾಥ ಇದಕ್ಕೆಲ್ಲ ಸೇರಿಸಿ ಹೋಮ್ ಥಿಯೇಟರ್ ಅನ್ನುತ್ತಿದ್ದ, ಬಂದವರೆಲ್ಲ ಬಾಯಿ ಬಿಟ್ಟು ನೋಡಿ ಹೋಗುತ್ತಿದ್ದರು. ಮಂಜಮ್ಮನಿಗೆ ಅದರಲ್ಲಿ ಬೇಕಾಗಿದ್ದದ್ದು ಒಂದೇ, ಮಗಳು ಸುಶ್ಮಿತಾಳ ಮದುವೆಯ ಧಾರೆ. ಆ ದರಿದ್ರ ಟೀವಿ ಅದೊಂದನ್ನು ಬಿಟ್ಟು ಪ್ರಪಂಚದ ಮಿಕ್ಕಿದ್ದನ್ನೆಲ್ಲ ತೋರಿಸುತ್ತಿತ್ತು.

ಹೆತ್ತ ಮಗಳ ಧಾರೆಯನ್ನು ಟೀವಿಯಲ್ಲಿ ನೋಡುವ ಗತಿ ಯಾಕೆ ಬಂತು ಅಂದರೆ, ಮಂಜಮ್ಮ ಗಂಡ ಸತ್ತವಳು. ಮದುವೆ ನಡೆದದ್ದು ಗಂಡಿನ ಊರು ಮಡಕಶಿರಾದ ಛತ್ರದಲ್ಲಿ. ಮುತ್ತೈದೆಯರ ನಡುವೆ ಎದ್ದು ಕಾಣುವ ಹಾಗೆ ನಿಲ್ಲಬಾರದು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಯಾವುದಾದರೂ ಕಂಬದ ಮರೆಯಲ್ಲಿ ನಿಂತು ನೋಡಿದರಾಯಿತು ಅಂದುಕೊಂಡಿದ್ದಳು. ಅಷ್ಟರಲ್ಲಿ ರಂಗನಾಥ ಅಡಿಗೆಮನೆಗೆ ಬಂದು, ಧಾರೆ ಮುಗಿಯುವ ತನಕ ನೀನು ಮಂಟಪದ ಕಡೆ ಬರಬೇಡವಂತೆ, ಸುಶ್ಮಿಯೇ ಹೇಳಿ ಕಳಿಸಿದಳು, ಅವಳಿಗೇನೋ ಅಪಶಕುನದ ಹೆದರಿಕೆ ಅಂದ. ಮಂಜಮ್ಮ ಹೂಂ ಅಂದಳು. ಗಟ್ಟಿಮೇಳ ಕೇಳಿದಾಗ ಅವಳು ಅನ್ನದ ಹಂಡೆಯ ಪಕ್ಕದಲ್ಲಿದ್ದಳು.

ಅಲ್ಲಿಂದೀಚೆಗೆ ಮಗಳು ಫೋನಿಗೆ ಸಿಗುವುದೇ ಕಷ್ಟವಾಯಿತು. ಸಿಕ್ಕರೂ ಆರಾಮ ಇದ್ದೀನಿ ಅಂದು ಅತ್ತೆಯ ಕೈಗೆ ಕೊಟ್ಟುಬಿಡುತ್ತಿದ್ದಳು. ಗಂಡ ಸತ್ತ ಮೇಲೆ ಹಗಲೆಲ್ಲ ಜೀನ್ಸ್ ಹೊಲಿದು ಸಾಕಿದ ಮಗಳಿಗೆ ತಾಯಿಯ ನೆರಳೂ ಬೇಡವಾಯಿತೇ ಎಂದು ಮಂಜಮ್ಮ ಮಿಷಿನ್ ತುಳಿಯುತ್ತ ಕೊರಗುತ್ತಿದ್ದಳು. ತಾಯಿಯನ್ನು ದೂರ ಇಟ್ಟವಳ ಮುಖ ಆ ಗಳಿಗೆಯಲ್ಲಿ ಹೇಗಿತ್ತು? ನಿರಾಳವಾಗಿತ್ತೇ, ಒಂದಿಷ್ಟಾದರೂ ಸಂಕಟವಿತ್ತೇ? ಅದನ್ನು ಒಮ್ಮೆ ಕಣ್ಣಾರೆ ನೋಡಿದರೆ ಸಿಟ್ಟಾಗಬೇಕೋ ಸುಮ್ಮನಾಗಬೇಕೋ ತಿಳಿಯುತ್ತದೆ ಎಂದು ಕಾದಿದ್ದಳು.

ಸ್ಟುಡಿಯೋದವರು ಮದುವೆಯನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದರು. ಅರಿಶಿನದ ಶಾಸ್ತ್ರ, ಬೀಗರನ್ನು ಎದುರುಗೊಂಡದ್ದು ಎಲ್ಲ ಸಲೀಸಾಗಿ ಓಡುತ್ತಿತ್ತು. ಧಾರೆಯನ್ನು ಮಾತ್ರ ದೊಡ್ಡ ಕ್ಯಾಮೆರಾದಲ್ಲಿ ಫೋರ್ ಕೆ ಅಂತ ತೆಗೆದಿದ್ದರು. ಅದನ್ನು ಹಾಕಿದರೆ ಸಾಕು, ಪುರೋಹಿತರ ಕೈ ಅರ್ಧಕ್ಕೆ ನಿಲ್ಲುವುದು, ಮಂತ್ರ ತುಂಡುತುಂಡಾಗಿ ಕರಕರ ಅನ್ನುವುದು, ಕಡೆಗೆ ಸುಶ್ಮಿತಾಳ ಮುಖ ಚೌಕಚೌಕವಾಗಿ ಒಡೆದುಹೋಗುವುದು. ಫೋನಿನಲ್ಲಿ ಅದು ತೆರೆಯಲೇ ಇಲ್ಲ. ಸ್ಟುಡಿಯೋದವರು ಮದುವೆಗಳ ಸೀಜನ್ ಮುಗಿಯಲಿ, ಚಿಕ್ಕದು ಮಾಡಿ ಕೊಡುತ್ತೇವೆ ಅಂದು ಕೈ ತೊಳೆದುಕೊಂಡರು.

ಒಂದು ಭಾನುವಾರ ಮಧ್ಯಾಹ್ನ ರಂಗನಾಥ ಹಟ ಹಿಡಿದು ಕೂತ. ಅವನಿಗೆ ಧಾರೆಗಿಂತ ಮರ್ಯಾದೆಯ ಚಿಂತೆ. ಇಷ್ಟು ದೊಡ್ಡ ಟೀವಿಯಲ್ಲಿ ತಂಗಿಯ ಮದುವೆಯೇ ಓಡುವುದಿಲ್ಲವಲ್ಲಪ್ಪ ಎಂದು ಎದುರು ಮನೆಯವರು ನಕ್ಕಿದ್ದರು. ಕಂಪ್ಯೂಟರ್ ಜೋಡಿಸಿಕೊಟ್ಟ ಗೆಳೆಯ ಓಬುಲೇಶನನ್ನು ಫೋನಿನಲ್ಲಿ ಹಿಡಿದುಕೊಂಡು, ಅವನು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡುತ್ತ ಹೋದ. ವಿಡಿಯೋ ಓಡುವಾಗ ಯಾವುದರ ಮೇಲೆ ಎಷ್ಟು ಭಾರ ಬೀಳುತ್ತದೆ ನೋಡು ಅಂದ ಓಬುಲೇಶ. ನೋಡಿದರೆ, ಪ್ರೊಸೆಸರ್ ಒಂದೇ ಇಡೀ ಭಾರ ಹೊತ್ತು ಏದುಸಿರು ಬಿಡುತ್ತಿತ್ತು. ವಿಡಿಯೋ ಬಿಡಿಸಲೆಂದೇ ಹಾಕಿಸಿದ ಗ್ರಾಫಿಕ್ಸ್ ಕಾರ್ಡ್ ಸೊನ್ನೆಯಲ್ಲಿ ಹಾಯಾಗಿ ಮಲಗಿತ್ತು. ಹಾಗಾದರೆ ಪ್ಲೇಯರಿನಲ್ಲಿ ಭಾರವನ್ನು ಕಾರ್ಡಿಗೆ ಹೊರಿಸುವ ಹಾರ್ಡ್‌ವೇರ್ ಆಕ್ಸಿಲರೇಷನ್ ಆಫ್ ಆಗಿರಬೇಕು ಅಂದ. ಆನ್ ಆಗಿಯೇ ಇತ್ತು. ಕಾರ್ಡನ್ನು ನಡೆಸುವ ಡ್ರೈವರ್ ಹಳೆಯದಿರಬೇಕು ಅಂದ. ಹೊಸದು ಹಾಕಿದರು, ಕಂಪ್ಯೂಟರ್ ಆರಿ ಹೊತ್ತಿಕೊಂಡಿತು, ಸುಶ್ಮಿತಾಳ ಮುಖ ಮತ್ತೆ ಅಲ್ಲೇ ಒಡೆಯಿತು. ಪ್ಲೇಯರನ್ನೇ ಬದಲಾಯಿಸಿದರು. ಈ ಸಲ ಚಿತ್ರ ಪೂರಾ ಕಪ್ಪಾಗಿ ಬರೀ ಓಲಗ ಕೇಳಿಸಿತು.

ಮಂಜಮ್ಮ ಮೂಲೆಯಲ್ಲಿ ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಪ್ರತಿ ಸಲ ಓಲಗ ಶುರುವಾದಾಗ ಮಿಷಿನ್ ನಿಲ್ಲಿಸಿ ತಲೆ ಎತ್ತುವಳು, ನಿಂತಾಗ ಮತ್ತೆ ತುಳಿಯುವಳು. ಮಗನಿಗೆ ಅದೂ ರೇಗುತ್ತಿತ್ತು.

ಕೊನೆಗೆ ಓಬುಲೇಶ, ಟೀವಿಯ ವೈರನ್ನು ಹಿಂದೆ ಎಲ್ಲಿಗೆ ಚುಚ್ಚಿದ್ದೀಯ ಅಂತ ಕೇಳಿದ. ತೂತು ಇರುವ ಕಡೆ ಚುಚ್ಚಿದ್ದೇನೆ ಅಂದ ರಂಗನಾಥ. ತೂತು ಅಂದರೆ ಕಂಪ್ಯೂಟರಿನದಲ್ಲ, ಗವುಸಿನದು. ಮಂಜಮ್ಮನ ಮನೆಯಲ್ಲಿ ಮಿಕ್ಕಿದ ಜೀನ್ಸ್ ತುಂಡುಗಳಿಂದ ಮಿಕ್ಸಿಗೆ, ಫ್ರಿಜ್ಜಿಗೆ, ಗ್ಯಾಸಿನ ಸಿಲಿಂಡರಿಗೆ ಎಲ್ಲಕ್ಕೂ ಗವುಸು ಹೊಲಿದಿತ್ತು. ಬಟ್ಟೆಯ ನೀಲಿ ಜೂಲು ಹೊಗಬಾರದು ಎಂದು ಕಂಪ್ಯೂಟರಿಗೂ ಅಳತೆ ತೆಗೆದು ಬಿಗಿಯಾಗಿ ಹೊಲಿದು, ವೈರಿಗೆಂದು ಹಿಂಭಾಗದಲ್ಲಿ ಒಂದು ತೂತು ಬಿಟ್ಟು, ಅದಕ್ಕೆ ಅಂಚನ್ನೂ ಕಟ್ಟಿದ್ದಳು. ಆ ತೂತಿನ ನೇರಕ್ಕೆ ಸಿಕ್ಕಿದ್ದು ಪ್ರೊಸೆಸರ್ ಕೂತಿರುವ ಬೋರ್ಡಿನ ಸ್ವಂತ ಕಿಂಡಿ. ಕಾರ್ಡಿನ ಕಿಂಡಿ ಅದಕ್ಕಿಂತ ಕೆಳಗೆ, ಗವುಸಿನೊಳಗೆ ಮುಚ್ಚಿಹೋಗಿತ್ತು. ಟೀವಿಗೂ ಕಾರ್ಡಿಗೂ ಸಂಬಂಧವೇ ಇರಲಿಲ್ಲ. ಫೋನಿನಲ್ಲಿ ಓಬುಲೇಶ ಬಿದ್ದು ಬಿದ್ದು ನಕ್ಕ.

"ಏನ್ ಸಿಕ್ಕರೂ ಅದಕ್ಕೊಂದು ಚಡ್ಡಿ ಹೊಲಿತೀಯಲ್ಲವ್ವ," ಅಂದ ರಂಗನಾಥ. ಮಂಜಮ್ಮ ಮಿಷಿನ್ ಬಿಟ್ಟು ಎದ್ದಳು. ಕತ್ತರಿ ತಂದು, ತಾನೇ ಹಾಕಿದ ಹೊಲಿಗೆಯನ್ನು ಕೆಳಗಿನ ತನಕ ಬಿಚ್ಚಿ, ಗವುಸನ್ನು ಎಳೆದು ತೆಗೆದಳು. ಅಷ್ಟೆಲ್ಲ ಮುಚ್ಚಿದರೂ ಫ್ಯಾನಿನಲ್ಲಿ ಜೂಲು ಕೂತಿತ್ತು. ಅದನ್ನೂ ಬ್ರಶ್ಶಿನಿಂದ ತೆಗೆದಳು. ರಂಗನಾಥ ವೈರನ್ನು ಕೆಳಗಿನ ಕಿಂಡಿಗೆ ಚುಚ್ಚಿ ಧಾರೆಯನ್ನು ಹಾಕಿದ.

ಈ ಸಲ ಕಾರ್ಡ್ ಎದ್ದು ಕೆಲಸ ಹಿಡಿಯಿತು, ಪ್ರೊಸೆಸರ್ ಉಸಿರು ಬಿಟ್ಟಿತು. ಗೋಡೆಯ ತುಂಬ ಸುಶ್ಮಿತಾ ಬಂದಳು. ಸೀರೆಯ ಜರಿಯ ಎಳೆ ಎಳೆ, ಮೇಲ್ತುಟಿಯ ಮೇಲಿನ ಬೆವರು, ಎಲ್ಲ ಕಾಣುತ್ತಿತ್ತು. ನೋಡು ಹೇಗಿದೆ ಎಂದು ರಂಗನಾಥ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಮಂಜಮ್ಮ ಮಿಷಿನ್ ಕಡೆ ಹೋಗದೆ ಟೀವಿಯ ಎದುರು ನೆಲಕ್ಕೆ ಕೂತಳು. ಅವಳ ಕಣ್ಣು ಆಗಲೇ ತುಂಬಿತ್ತು.

ಸ್ಟುಡಿಯೋದವರು ಪುರೋಹಿತರ ಶಲ್ಯಕ್ಕೆ ಮೈಕು ಸಿಕ್ಕಿಸಿದ್ದರು. ಪುರೋಹಿತರು ಓಲಗ ನಿಲ್ಲಿಸಿ, ಹುಡುಗಿಯ ತಾಯಿ ಎಲ್ಲಿ ಅಂತ ಕೇಳಿದ್ದು ಚೆನ್ನಾಗಿ ಕೇಳಿಸಿತು. ಗಂಡಿನ ತಾಯಿ ಬಾಲಮ್ಮ, ಹೆತ್ತವಳು ಇಲ್ಲದೆ ಎಂಥ ಧಾರೆ, ಬೀಗಿತಿಯನ್ನು ಕರೆಯಿರಿ ಅಂದಳು. ಸುಶ್ಮಿತಾ ತಿರುಗಿ, "ಅಣ್ಣಾ, ಅವ್ವನ್ನ ಕರಿ," ಅಂದಳು. ಚಿತ್ರದೊಳಗೆ ರಂಗನಾಥ ಬಂದು ಅವಳ ಕಿವಿಯ ಹತ್ತಿರ, ಅಂದರೆ ಪುರೋಹಿತರ ಮೈಕಿನ ಹತ್ತಿರ, ಬಗ್ಗಿದ.

"ಕರದೆ. ತಾನ ಬರಲ್ಲಂದ್ಲು. ಒಳಗ ಕೆಲಸ ಐತಂತ."

"ನಾ ಕರದೆ ಅಂತ ಹೇಳಿದಿ?"

"ಹೇಳಿದೆ."

ಸುಶ್ಮಿತಾ ಅಡಿಗೆಮನೆಯ ಬಾಗಿಲ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ತಲೆ ಬಗ್ಗಿಸಿ ಕೈ ಚಾಚಿದಳು. ಚಿಕ್ಕಪ್ಪ ಚಿಕ್ಕಮ್ಮ ಬಂದು ನೀರು ಎರೆದರು.

ರಂಗನಾಥನ ಕೈ ಮೌಸಿನ ಕಡೆ ಹೋಯಿತು. "ಬ್ಯಾಡ, ಓಡ್ಲಿ," ಅಂದಳು ಮಂಜಮ್ಮ. ಅವಳ ದನಿಗೆ ಅವನ ಕೈ ಅಲ್ಲೇ ನಿಂತಿತು. ತಾನು ಹೇಳಿದ ಸುಳ್ಳು ಅವನಿಗೆ ಇಷ್ಟು ದಿನ ನೆನಪೇ ಇರಲಿಲ್ಲ, ಅದೇ ದೊಡ್ಡ ಪಾಪ. ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಂದೇ ಏಟಿಗೆ ಕತ್ತರಿಸುವ ಹಾಗೆ ತಾಯಿಗೂ ಮಗಳಿಗೂ ಸೇರಿಸಿ ಕತ್ತರಿ ಹಾಕಿದ್ದ, ಹಾಕಿ ಮರೆತೇ ಬಿಟ್ಟಿದ್ದ. ನಿನಗೆ ಯಾರಾದರೂ ಏನಾದರೂ ಅಂದಾರು ಎಂದೇ ಮಾಡಿದ್ದು, ನಿನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದು ತೊದಲಿದ.

"ಯಾರಂದ್ರಪ್ಪ?" ಅಂತ ಕೇಳಿದಳು ಮಂಜಮ್ಮ.

ಯಾರೂ ಅಂದಿರಲಿಲ್ಲ. ಬೀಗರೂ ಕರೆದಿದ್ದರು, ಪುರೋಹಿತರೂ ಕರೆದಿದ್ದರು. ಬೋಳು ಹಣೆಯ ತಾಯಿ ಮಂಟಪಕ್ಕೆ ಬಂದರೆ ತನ್ನ ಮರ್ಯಾದೆಗೆ ಕಡಿಮೆ ಎಂದು ಅನ್ನಿಸಿದ್ದು ಇವನೊಬ್ಬನಿಗೆ.

ಅವಳು ಮಡಕಶಿರಾಕ್ಕೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು. ಬಾಲಮ್ಮ ಎತ್ತಿದಳು. ಸುಶ್ಮಿಗೆ ಕೊಡಿ, ಜರೂರು ಮಾತಿದೆ ಅಂದಳು ಮಂಜಮ್ಮ. ಬಾಲಮ್ಮ ಹೋಗಿ ಬಂದು, "ಕರೆದೆ ಕಣಮ್ಮ. ಕೆಲ್ಸ ಐತೆ, ಈಗ ಬರಕ್ಕಾಗಲ್ಲ ಅಂದ್ಲು. ನಂಗೇ ಹೇಳು, ಹೇಳ್ತೀನಿ," ಅಂದಳು.

ನಡೆದದ್ದೆಲ್ಲ ಮಂಜಮ್ಮನ ಬಾಯಿಗೆ ಬಂತು. ಎದುರಿಗೆ ರಂಗನಾಥ ಕೈ ಜೋಡಿಸಿ ನಿಂತಿದ್ದ. ಹೇಳಿದರೆ ಬೀಗರ ಮನೆಯಲ್ಲಿ ಮಗ ಸುಳ್ಳನಾಗುತ್ತಾನೆ, ಆ ಮಾತು ನಾಳೆ ಮಗಳ ತಲೆಗೇ ಸುತ್ತಿಕೊಳ್ಳುತ್ತದೆ. ಹೇಳದಿದ್ದರೆ ಮಗಳು ಇಲ್ಲ. ಅವಳು ಫೋನನ್ನು ಮಗನ ಮುಖಕ್ಕೆ ಹಿಡಿದಳು. "ನೀ ಹೇಳು," ಅಂದಳು. "ನೀ ಹಾಕಿದ ಗಂಟು, ನೀನ ಬಿಚ್ಚು."

ರಂಗನಾಥ ಫೋನ್ ತೆಗೆದುಕೊಂಡ.

"ಏನಿಲ್ರಿ ಅತ್ತಿ," ಅಂದ. "ಮದುವಿ ವಿಡಿಯೋ ಓಡ್ತಿದ್ದಿಲ್ಲಲ್ರಿ, ಇವತ್ತು ಸರಿ ಆತು. ಅದನ್ನ ಹೇಳಾಕ ಮಾಡಿದ್ವಿ."

"ಅಯ್ಯೋ, ನಮ್ಮನೇಲಿ ಪೆನ್‌ಡ್ರೈವ್ ಬಂದವತ್ತೇ ಓಡ್ತಲ್ಲಪ್ಪ. ಎಲ್ರೂ ಕೂತ್ಕಂಡು ಎರಡು ಸಲ ನೋಡಿದ್ವಿ, ನಿನ್ ತಂಗೀನೂ ನೋಡಿದ್ಲು," ಅಂದಳು ಬಾಲಮ್ಮ. ಫೋನ್ ಕಟ್ಟಾಯಿತು.

ಮಂಜಮ್ಮ ಫೋನನ್ನು ಮಗನ ಕೈಯಿಂದ ತೆಗೆದಿಟ್ಟಳು. ಟೀವಿಯಲ್ಲಿ ವಿಡಿಯೋ ಎಲ್ಲೂ ತಡೆಯದೆ ಓಡುತ್ತಲೇ ಇತ್ತು. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು. ಅದರ ಬೆನ್ನಿಗೇ ಸ್ಟುಡಿಯೋದವರು ಅಡಿಗೆಮನೆಯ ಚಿತ್ರ ಜೋಡಿಸಿದ್ದರು. ಹಂಡೆಗಳ ನಡುವೆ ಸೌಟು ಹಿಡಿದು ನಿಂತ ಮಂಜಮ್ಮ. ಕ್ಯಾಮೆರಾದ ಹುಡುಗ ಅಂದು ಬಂದು, ಮಗಳ ಮದುವೆ ಅಲ್ವಾ, ಒಂಚೂರು ನಗಮ್ಮ ಅಂದಿದ್ದ. ಅವನ ಮಾತು ಮುರಿಯಬಾರದು ಎಂದು ಅವಳು ಹಲ್ಲು ಕಾಣುವ ಹಾಗೆ ನಕ್ಕಿದ್ದಳು. ಆ ನಗು ಈಗ ಗೋಡೆಯ ತುಂಬ ಇತ್ತು, ಒಂದು ಎಳೆಯೂ ಒಡೆಯದೆ. ಕರೆದರೂ ಬಾರದ ತಾಯಿಯ ಆ ನಗುವನ್ನು ಸುಶ್ಮಿತಾ ಆಗಲೇ ಎರಡು ಸಲ ನೋಡಿದ್ದಳು.