ಕುಳಿತವರ ನಾಡು

ಅವರು ಅದನ್ನು ತೋಗು ಎನ್ನುತ್ತಿದ್ದರು. ತೋಗು... ಅದರ ಮುಂದೆ ಇನ್ನೊಂದು ಸಣ್ಣ ಶಬ್ದವಿತ್ತು, ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತದೆ. ಇರಲಿ, ಮಾತಿನ ಚಪ್ಪರ ಎಂದು ಅದರ ಅರ್ಥ. ಆ ಚಪ್ಪರವಿದ್ದ ನಾಡಿಗೆ ಕಡಲು ಇರಲಿಲ್ಲ. ಯಾವ ದಿಕ್ಕಿಗೆ ನಡೆದರೂ ಕೊನೆಗೆ ಸಿಗುತ್ತಿದ್ದದ್ದು ಇನ್ನೊಬ್ಬರ ನೆಲ, ಇನ್ನೊಬ್ಬರ ಬಾಗಿಲು.

ಕಡಲಿಲ್ಲದಿದ್ದರೂ ಅಲ್ಲಿ ಒಂದು ನದಿ ಇತ್ತು. ಪಡುವಣ ಬೆಟ್ಟದಲ್ಲಿ ಹುಟ್ಟಿ, ಹತ್ತಿರದ ಕಡಲಿಗೆ ಬೆನ್ನು ಹಾಕಿ, ನೇರವಾಗಿ ಮರಳುಗಾಡಿನ ಕಡೆಗೆ ಹೊರಡುವ ನದಿ. ಮರಳಿನ ಅಂಚಿನವರೆಗೂ ಹೋಗಿ, ಒಂಟೆಗಳಿಗೆ ನೀರು ಕುಡಿಸಿ, ಅಲ್ಲೊಂದು ದೊಡ್ಡ ಬಳಸು ಬಳಸಿ ತೆಂಕಣಕ್ಕೆ ತಿರುಗುತ್ತಿತ್ತು. ಮಳೆ ನಿಂತ ಮೇಲೆ ಅದು ಬಯಲನ್ನೆಲ್ಲ ತುಂಬಿಕೊಂಡು ಹರಡಿದಾಗ, ಊರುಗಳು ನಡುಗಡ್ಡೆಗಳಾಗಿ, ದನಗಳು ಈಜುತ್ತ ಮನೆಗೆ ಬರುತ್ತಿದ್ದವು. ಕಡಲು ಇದಕ್ಕಿಂತ ದೊಡ್ಡದಿರಲಾರದು ಎಂದು ಜನ ಅಂದುಕೊಳ್ಳುತ್ತಿದ್ದರು. ಆ ನೀರನ್ನು ಕಂಡವರು ಯಾರೂ ಅವರ ಮಾತನ್ನು ತಪ್ಪೆನ್ನಲಾರರು.

ನದಿಯ ದಡದಲ್ಲಿ ಮೀನುಗಾರರು, ಒಣನೆಲದಲ್ಲಿ ಸಜ್ಜೆ ಮತ್ತು ಹತ್ತಿ ಬೆಳೆಯುವವರು, ಹುಲ್ಲು ಹೋದಲ್ಲಿಗೆ ಹೋಗುವ ದನಗಾಹಿಗಳು. ಮೂವರ ಭಾಷೆಯೂ ಬೇರೆ, ದೇವರೂ ಬೇರೆ, ಊಟವೂ ಬೇರೆ. ಆದರೂ ಅವರು ಒಬ್ಬರನ್ನೊಬ್ಬರು ಕೊಲ್ಲದೆ ನೂರಾರು ವರ್ಷ ಬಾಳಿದ್ದರು. ಅದಕ್ಕೆ ಕಾರಣ ಆ ಚಪ್ಪರ.

ಎಂಟು ಮರದ ಕಂಬಗಳು, ಮೇಲೆ ಸಜ್ಜೆದಂಟಿನ ಹೊದಿಕೆ. ಪ್ರತಿ ಸುಗ್ಗಿಗೂ ಹಳೆಯದರ ಮೇಲೆ ಹೊಸ ದಂಟಿನ ಒಂದು ಪದರ ಹಾಸುತ್ತಿದ್ದರು. ಹೊದಿಕೆ ಒಂದು ಆಳು ದಪ್ಪವಾಗಿತ್ತು, ಕಂಬಗಳು ಮಾತ್ರ ಸೊಂಟದೆತ್ತರ. ಒಳಗೆ ಹೋಗಬೇಕಾದರೆ ಬಾಗಿಯೇ ಹೋಗಬೇಕು, ಹೋದ ಮೇಲೆ ಕುಳಿತೇ ಇರಬೇಕು. ಸಿಟ್ಟು ಬಂದು ಎದ್ದವನ ತಲೆ ಮೇಲಿನ ತೊಲೆಗೆ ಬಡಿಯುತ್ತಿತ್ತು. ತಲೆ ಬಡಿಸಿಕೊಂಡವನ ಮಾತು ಅಲ್ಲಿಗೇ ಮುಗಿಯಿತು. ಮತ್ತೆ ಬಾಯಿ ತೆರೆಯಬೇಕೆಂದರೆ ಅವನು ಎದುರಾಳಿಯ ತಾಯಿ ಹೇಗಿದ್ದಾಳೆ, ದನ ಹೇಗಿವೆ, ಬಾವಿ ಹೇಗಿದೆ ಎಂದು ಒಂದೊಂದಾಗಿ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಮೊದಲಿನಿಂದ ಶುರುಮಾಡಬೇಕು. ಆ ನಾಡನ್ನು ಆಳುವವನನ್ನು ಅರಸನೆಂದು ಯಾರೂ ಕರೆಯುತ್ತಿರಲಿಲ್ಲ. ‘ಕುಳಿತವರು’ ಎನ್ನುತ್ತಿದ್ದರು.

ಇನ್ನೂ ಒಂದು ಕಟ್ಟಳೆ ಇತ್ತು. ಮೀನುಗಾರರಿಗೂ ಸಜ್ಜೆಯವರಿಗೂ ಹಿಂದಿನಿಂದ ಹಾಸ್ಯದ ನಂಟು. ಒಬ್ಬರು ಇನ್ನೊಬ್ಬರನ್ನು ಎಷ್ಟು ಹಂಗಿಸಿದರೂ ಸಿಟ್ಟಾಗುವಂತಿಲ್ಲ. ಸಜ್ಜೆಯವನು ಕುಳಿತವನಾದರೆ, ಮೀನುಗಾರರಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಅವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು, ಸಭೆಗೆ ಮೊದಲು ಅವನನ್ನು ಹಂಗಿಸಬೇಕು. ಅವನು ನಗಬೇಕು. ಅವನು ನಗುವವರೆಗೆ ಸಭೆ ಶುರುವಾಗುವಂತಿಲ್ಲ.

ಆ ಕಾಲಕ್ಕೆ ಕುಳಿತವನ ಹೆಸರು ಓಗೋಬಾರ. ಎದುರಿಗೆ ಕೂರುವ ಮುದುಕಿ ಯಾಸಿಗಿ. ಅವಳಿಗೆ ದೋಣಿಯಿರಲಿಲ್ಲ, ಬಲೆಯಿರಲಿಲ್ಲ, ಗಂಡ ನೀರು ಪಾಲಾಗಿದ್ದ. ಅವಳ ಪಾಲಿಗೆ ಉಳಿದಿದ್ದ ಆಸ್ತಿ ಎಂದರೆ ಆ ಮೊಳದಗಲ ಜಾಗ ಮತ್ತು ಆ ಹಂಗಿಸುವ ಹಕ್ಕು.

"ಏ ಸಜ್ಜೆ ಮೂಟೆ, ನಿನ್ನ ಅಜ್ಜ ನಮ್ಮ ದೋಣಿ ಹತ್ತಿ, ನೀರು ನೋಡಿ ಹೆದರಿ ಅತ್ತನಂತೆ. ಆ ವರ್ಷ ನದಿ ಉಕ್ಕಿದ್ದು ಮಳೆಗಲ್ಲ ಕಣೋ, ಅವನ ಕಣ್ಣೀರಿಗೆ."

"ಬಂತು ನೋಡಿ ಮೀನಿನ ವಾಸನೆ!" ಎಂದು ಓಗೋಬಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸಭೆ ಶುರುವಾಗುತ್ತಿತ್ತು.

ಒಂದು ವರ್ಷ ಹತ್ತಿ ಎಂದೂ ಇಲ್ಲದಷ್ಟು ಬೆಳೆಯಿತು. ಪ್ರತಿ ಊರಿನ ಮುಂದೆಯೂ ಹತ್ತಿಯ ಗುಡ್ಡ. ದೂರದಿಂದ ನೋಡಿದರೆ ಮೋಡಗಳು ಸುಸ್ತಾಗಿ ನೆಲದ ಮೇಲೆ ಮಲಗಿದಂತೆ ಕಾಣುತ್ತಿತ್ತು. ಮಕ್ಕಳು ನಿಂತು ನೋಡುತ್ತಿದ್ದರು. ಮುದುಕರೂ ಹಾಗೆಯೇ ನೋಡುತ್ತಿದ್ದರು. ಅಷ್ಟರಲ್ಲಿ ಕರಾವಳಿಯ ಅರಸ ತನ್ನ ಗಡಿಬಾಗಿಲು ಮುಚ್ಚಿಸಿದ. ಹಡಗುಗಳಿಗೆ ಹೋಗುವ ದಾರಿ ಇದ್ದದ್ದು ಅದೊಂದೇ. ಮುಂಗಾರಿಗೆ ಒಂದು ತಿಂಗಳಿತ್ತು. ಮಳೆಗೆ ಮೊದಲು ಗಾಡಿಗಳು ಗಡಿ ದಾಟದಿದ್ದರೆ ಹತ್ತಿಯೆಲ್ಲ ಕೊಳೆತು ಗೊಬ್ಬರವಾಗುತ್ತಿತ್ತು.

ಹದಿನೈದು ದಿನ ಕಳೆದ ಮೇಲೆ ಅರಸನ ದೂತ ಕುದುರೆಯ ಮೇಲೆ ಬಂದ. ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚೇ ಇದ್ದ. ತಲೆಯ ಮೇಲೆ ಗರಿಯ ಟೋಪಿ ಬೇರೆ. ಚಪ್ಪರವನ್ನು ನೋಡಿ, "ಇದೇನು, ಕೋಳಿಗೂಡೆ?" ಎಂದ.

"ಕೋಳಿಗಳಾದರೆ ಒಳಗೆ ಬರುತ್ತವೆ," ಎಂದಳು ಯಾಸಿಗಿ ಒಳಗಿನಿಂದ. "ಹುಂಜಕ್ಕೆ ಮಾತ್ರ ಪುಕ್ಕದ ಚಿಂತೆ."

ಕಡಲಿನ ದೂತ ಯಾರ ಮುಂದೆಯೂ ಬಾಗುವುದಿಲ್ಲ ಎಂದು ಹೇಳಿ ಅವನು ಹೊರಗೆ ಕುರ್ಚಿ ಹಾಕಿಸಿಕೊಂಡು ಕುಳಿತ. ಒಳಗಿದ್ದವರಿಗೆ ಕಾಣುತ್ತಿದ್ದದ್ದು ಅವನ ಮೊಣಕಾಲುಗಳು ಮಾತ್ರ. ಅವರು ಎರಡು ದಿನ ಆ ಮೊಣಕಾಲುಗಳ ಜೊತೆ ಮರ್ಯಾದೆಯಿಂದ ಮಾತಾಡಿದರು. ದೂತನ ಷರತ್ತು ಒಂದೇ: ಇನ್ನು ಮುಂದೆ ಕುಳಿತವನನ್ನು ಕರಾವಳಿಯ ಅರಸನೇ ಆರಿಸುತ್ತಾನೆ, ಒಪ್ಪಿದರೆ ಬಾಗಿಲು ತೆರೆಯುತ್ತದೆ.

ಅಲ್ಲಿಯ ಬಿಸಿಲು ಬೇರೆ ಬಿಸಿಲು. ಮೂರನೆಯ ದಿನ ಮಧ್ಯಾಹ್ನ ದೂತ ಟೋಪಿ ತೆಗೆದು, ಕೈ ಮಂಡಿ ಊರಿ ಒಳಗೆ ಬಂದ. ದಂಟಿನ ಕೆಳಗೆ ಮಡಕೆಯೊಳಗಿನ ತಂಪು. ಅವನು ಬೆವರು ಒರೆಸಿಕೊಂಡ. ಆಮೇಲೆ ಅದೇ ಷರತ್ತು ಹೇಳಿದ. ಆಗದು ಎಂದ ಓಗೋಬಾರ. ದೂತ ಸಿಟ್ಟಿನಿಂದ ಎದ್ದ. ತಲೆ ತೊಲೆಗೆ ಬಡಿಯಿತು.

"ತಾಯಿ, ದನ, ಬಾವಿ," ಎಂದು ದನಗಾಹಿಯೊಬ್ಬ ಮೂಲೆಯಿಂದ ನೆನಪಿಸಿದ.

ದೂತ ಹಲ್ಲು ಕಚ್ಚಿ ಕೇಳಿದ, ಉತ್ತರ ಕೇಳಿಸಿಕೊಂಡ, ಮತ್ತೆ ಶುರುಮಾಡಿದ. ಮತ್ತೆ ಎದ್ದ, ಮತ್ತೆ ಬಡಿಯಿತು. ಮೂರನೆಯ ಸಲ ಹಣೆಯ ಬುಗುಟು ಉಜ್ಜಿಕೊಳ್ಳುತ್ತ, ಸೋತ ದನಿಯಲ್ಲಿ, "ನಿಮ್ಮ ಬಾವಿ ಹೇಗಿದೆ?" ಎಂದು ಕೇಳಿದ.

"ಚೆನ್ನಾಗಿದೆ ಸ್ವಾಮಿ," ಎಂದ ಓಗೋಬಾರ. "ನಮ್ಮ ತಾತ ತೋಡಿದ್ದು. ಎತ್ತಿಗೆ ಹಗ್ಗ ಕಟ್ಟಿ ನೀರು ಸೇದುತ್ತೇವೆ. ಎತ್ತು ಬಾವಿಯಿಂದ ಹೊರಟು ಆ ಹುಣಸೆಮರದವರೆಗೆ ನಡೆದರೆ ಕೊಡ ಮೇಲೆ ಬರುತ್ತದೆ. ಬಾವಿ ಅಷ್ಟು ಆಳ."

ದೂತ ತಲೆ ತಗ್ಗಿಸಿ ಹೊರಗೆ ನೋಡಿದ. ಹುಣಸೆಮರ ಬಿಸಿಲಿನಲ್ಲಿ ಬೆರಳಿನಷ್ಟು ಸಣ್ಣದಾಗಿ ಕಾಣುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಎತ್ತಿನ ಗೊರಸು ತುಳಿದು ತುಳಿದು ನೆಲದಲ್ಲಿ ಕಾಲುವೆಯಂಥ ಹಾದಿ ಬಿದ್ದಿತ್ತು. ಒಬ್ಬ ಮನುಷ್ಯ ಅಷ್ಟುದ್ದ ಕತ್ತಲೆಯೊಳಗೆ ಇಳಿದು ಕೈಯಿಂದ ಮಣ್ಣು ಬಗೆದಿದ್ದ.

"ನೀರು ಹೇಗಿದೆ?" ಎಂದ ದೂತ. ಇದನ್ನು ಕೇಳಬೇಕೆಂಬ ಕಟ್ಟಳೆ ಇರಲಿಲ್ಲ.

"ಸಿಹಿ."

"ನಮ್ಮಜ್ಜಿಯ ಬಾವಿಗೆ ಕಡಲು ನುಗ್ಗಿತು," ಎಂದ ದೂತ ಮೆಲ್ಲಗೆ. "ಆ ನೀರು ಬಾಯಿಗಿಟ್ಟರೆ ಉಪ್ಪು. ಕಣ್ಣು ಹರಿಯುವಷ್ಟು ದೂರ ನೀರು ನೋಡುತ್ತ ಬಾಯಾರಿಕೊಂಡು ಕೂತಿರುತ್ತಿದ್ದಳು."

ಯಾಸಿಗಿ ತನ್ನ ನೀರಿನ ಸೋರೆಬುರುಡೆಯನ್ನು ಅವನ ಕಡೆ ತಳ್ಳಿದಳು. "ಕುಡಿ ಮಗ. ಪುಕ್ಕ ಆಮೇಲೆ ಸರಿಮಾಡಿಕೊಳ್ಳುವೆಯಂತೆ."

ಅವನು ಕುಡಿದ. ಷರತ್ತಿನ ಮಾತು ಮತ್ತೆ ಬರಲಿಲ್ಲ. ಮರುದಿನವೇ ಅವನ ಮಾತಿನಂತೆ ಬಾಗಿಲು ತೆರೆಯಿತು. ಹತ್ತಿಯ ಗಾಡಿಗಳು ಸಾಲುಗಟ್ಟಿ ಹೊರಟವು. ಮೊದಲ ಗಾಡಿ ಗಡಿ ಮುಟ್ಟಿದಾಗ ಕೊನೆಯ ಗಾಡಿಗೆ ಇನ್ನೂ ಎತ್ತು ಕಟ್ಟುತ್ತಿದ್ದರು ಎನ್ನುತ್ತಾರೆ. ಬೆಳ್ಳಗಿನ ಇನ್ನೊಂದು ನದಿ ನಾಡಿನಿಂದ ಹೊರಗೆ ಹರಿಯುತ್ತಿದೆಯೇನೋ ಎಂಬಂತೆ ಅದು ಏಳು ದಿನ ಹರಿಯಿತು. ಕೊನೆಯ ಗಾಡಿ ದಾಟಿದ ಸಂಜೆ ಮಳೆಯ ಮೊದಲ ಹನಿ ಬಿತ್ತು. ಬರಿಗೈಯಲ್ಲಿದ್ದ ನಾಡು ಬರೀ ಕುಳಿತೇ ಕಡಲನ್ನು ಗೆದ್ದಿತ್ತು.

ಆ ದಾರಿಯಲ್ಲಿ ಹತ್ತಿ ಹೋಯಿತು, ಸಿಮೆಂಟು ಬಂತು. ಗಾಜು ಬಂತು, ಕಬ್ಬಿಣ ಬಂತು. ಎರಡು ವರ್ಷ ಕಳೆದ ಮೇಲೆ ಜನರಿಗೆ ಓಗೋಬಾರನಿಗೆ ಏನಾದರೂ ಮಾಡಬೇಕೆನಿಸಿತು. ದೊಡ್ಡ ಸಭಾಮಂದಿರ ಕಟ್ಟೋಣ ಎಂದರು. ಅವನು ಬೇಡವೆಂದ. ಎರಡನೆಯ ಸಲ ಕೇಳಿದಾಗ ಸುಮ್ಮನಿದ್ದ.

"ಚಪ್ಪರಕ್ಕೆ ಏನಾಗಿದೆಯೋ?" ಎಂದಳು ಯಾಸಿಗಿ. "ನಿನ್ನ ತಲೆ ಬೆಳೆಯಿತೆ?"

ಅವನು ನಕ್ಕ. "ನನಗಲ್ಲ ಅಜ್ಜಿ, ಬರುವ ಅತಿಥಿಗಳಿಗೆ. ಆ ದೂತನ ಹಣೆಯ ಬುಗುಟು ನೆನೆದರೆ ನನಗೇ ಪಾಪ ಅನಿಸುತ್ತದೆ."

ಅದು ನಿಜವಾದ ಕರುಣೆಯೇ ಆಗಿತ್ತು. ಹಾಗಾಗಿ ಯಾರಿಗೂ ಎದುರಾಡಲು ಆಗಲಿಲ್ಲ.

ಮಂದಿರ ಎದ್ದಿತು. ಅಂಥದ್ದನ್ನು ಆ ಬಯಲು ಕಂಡಿರಲಿಲ್ಲ. ಅದರ ಬಾಗಿಲಲ್ಲಿ ಒಂಟೆಯ ಮೇಲೆ ಒಂಟೆ ನಿಲ್ಲಿಸಬಹುದಿತ್ತು. ಒಳಗೆ ಬಂದ ಪಾರಿವಾಳ ಸೂರು ಮುಟ್ಟಲು ರೆಕ್ಕೆ ಬಡಿದು ಬಡಿದು ದಣಿಯುತ್ತಿತ್ತು. ಗಾಜಿನಿಂದ ಇಳಿದ ಬೆಳಕು ನೆಲದ ಮೇಲೆ ನೀರಿನಂತೆ ನಿಲ್ಲುತ್ತಿತ್ತು. ಅದನ್ನು ಕಟ್ಟಿದವರೇ ಉಸಿರು ಬಿಗಿಹಿಡಿದು ನೋಡಿದರು. ಎದುರು ಗೋಡೆಯ ಬಳಿ ಮೂರು ಮೆಟ್ಟಿಲು, ಅದರ ಮೇಲೆ ಕುಳಿತವನ ಜಾಗ. ಅಷ್ಟು ದೊಡ್ಡ ಮನೆಯಲ್ಲಿ ಕುಳಿತರೆ ಕಾಣುವುದಿಲ್ಲವೆಂದು ಅವನು ನಿಂತ.

ಮೊದಲ ಸಭೆಯ ದಿನ ಜನ ಬಂದರು. ಬಾಗಿಲಿಗೆ ಬಂದದ್ದೇ ತಡ, ಎಲ್ಲರೂ ಸೊಂಟದವರೆಗೆ ಬಾಗಿದರು. ಹುಟ್ಟಿದಂದಿನಿಂದ ಸಭೆಗೆ ಬಾಗಿ ಹೋದ ಮೈ ಅದು, ತಾತ ಮುತ್ತಾತಂದಿರ ಬೆನ್ನಿನಿಂದ ಇಳಿದು ಬಂದ ಬಾಗು. ಮೇಲೆ ಆಕಾಶದಷ್ಟು ಜಾಗವಿದ್ದರೂ ಅವರ ತಲೆಗಳು ಇಲ್ಲದ ತೊಲೆಯನ್ನು ತಪ್ಪಿಸಿಕೊಂಡೇ ಒಳಗೆ ಬಂದವು.

"ಏಳ್ರಪ್ಪಾ, ನೆಟ್ಟಗೆ ಬನ್ನಿ! ಇಲ್ಲಿ ತಲೆ ಬಡಿಯೋದಿಲ್ಲ!" ಎಂದು ಓಗೋಬಾರ ಜೋರಾಗಿ ನಕ್ಕ. ಜನರೂ ನಾಚಿ ನಕ್ಕರು. ಎರಡನೆಯ ಸಭೆಗೂ ಬಾಗಿಯೇ ಬಂದರು. ಅವನು ಮುಗುಳ್ನಕ್ಕ. ಮೂರನೆಯ ಸಭೆಗೆ ಕರಾವಳಿಯ ದೂತ ಸ್ನೇಹದ ಕಾಣಿಕೆ ಹಿಡಿದು ಬಂದ. ಬಾಗಿಲಲ್ಲಿ ಅವನಿಗೆ ಹಳೆಯ ಬುಗುಟು ನೆನಪಾಗಿರಬೇಕು. ಟೋಪಿ ತೆಗೆದು, ಎಲ್ಲರಿಗಿಂತ ಹೆಚ್ಚಾಗಿ ಬಾಗಿ ಒಳಗೆ ಬಂದ.

ಮೆಟ್ಟಿಲ ಮೇಲೆ ನಿಂತಿದ್ದ ಓಗೋಬಾರ ಕಡಲೇ ಬಾಗಿ ಬರುವುದನ್ನು ನೋಡಿದ. ಅವನು ನಗಲಿಲ್ಲ.

ಮುಂದಿನ ಸಭೆಗೆ ಒಬ್ಬ ದನಗಾಹಿ ಹುಡುಗಿ ನೆಟ್ಟಗೆ ನಡೆದು ಬಂದಳು. ಅವಳು ಹಳೆಯ ಚಪ್ಪರದೊಳಗೆ ಕಾಲಿಟ್ಟವಳೇ ಅಲ್ಲ. ಬಾಗಿಲ ಕಾವಲುಗಾರ ಅವಳ ಕತ್ತಿನ ಮೇಲೆ ಕೈಯಿಟ್ಟು ಬಗ್ಗಿಸಿದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ಆಮೇಲೆ ಬಾಗಿಲಲ್ಲಿ ಒಂದು ಪುಸ್ತಕ ಇಟ್ಟರು, ಯಾರು ಯಾರು ಬಾಗಿ ಬಂದರು ಎಂದು ಬರೆಯಲು. ಅಕ್ಷರ ಬಲ್ಲವಳೆಂದು ಆ ಕೆಲಸ ಯಾಸಿಗಿಯ ಮೊಮ್ಮಗಳಿಗೇ ಸಿಕ್ಕಿತು. ಕರಾವಳಿಯ ಶಾಲೆಯಲ್ಲಿ ಓದಿ ಬಂದಿದ್ದ ಹೆಣ್ಣು.

ಮಂದಿರ ಎದ್ದಾಗಿನಿಂದ ಕಾಲು ನೋವೆಂದು ಮನೆಯಲ್ಲೇ ಇದ್ದ ಯಾಸಿಗಿ ಸುಗ್ಗಿ ಮುಗಿದ ಮೇಲೆ ಕೋಲೂರಿಕೊಂಡು ಬಂದಳು. ವಯಸ್ಸಿಗೆ ಅವಳ ಬೆನ್ನು ಕುಡುಗೋಲಿನಂತೆ ಬಾಗಿತ್ತು. ಕಾವಲುಗಾರ ಮೆಚ್ಚಿ ದಾರಿ ಬಿಟ್ಟ. ಬಹಳ ಹೊತ್ತು ನಡೆದು ಮೆಟ್ಟಿಲ ಬುಡಕ್ಕೆ ಬಂದು ತಲುಪಿದಳು. ಮೊಣಕಾಲಿಗೆ ಮೊಣಕಾಲು ತಾಗಿಸುವ ಜಾಗವನ್ನು ಹುಡುಕಿದಳು. ಇರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಅವನ ಪಾದಗಳು ಮಾತ್ರ.

"ಏ ಸಜ್ಜೆ ಮೂಟೆ!" ಎಂದಳು. ಮಾತು ಸೂರಿಗೆ ಹೋಗಿ, ಅಲ್ಲಿ ತಿರುಗಿ, ಏನೆಂದು ತಿಳಿಯದ ಗುಂಯ್ ಎನ್ನುವ ಸದ್ದಾಗಿ ಕೆಳಗಿಳಿಯಿತು. "ಇಷ್ಟು ಎತ್ತರ ನಿಲ್ಲಿಸಿದ್ದಾರಲ್ಲೋ ನಿನ್ನನ್ನು, ಗುಬ್ಬಿ ಬೆದರಿಸೋಕೆ?"

ಯಾರೂ ನಗಲಿಲ್ಲ. ಜನ ತಮ್ಮ ತಮ್ಮ ಪಾದ ನೋಡಿಕೊಂಡರು. ಓಗೋಬಾರನ ತುಟಿಯ ಅಂಚು ಒಂದು ಗಳಿಗೆ ಅದುರಿತು, ಅದುರಿದ್ದು ಅಷ್ಟೇ.

"ಮುದುಕಿ ಏನು ಅಹವಾಲು ತಂದಿದ್ದಾಳೆ, ವಿಚಾರಿಸಿ," ಎಂದು ಪಕ್ಕದವನಿಗೆ ಹೇಳಿದ. ಸಭೆ ಶುರುವಾಯಿತು.

ಯಾಸಿಗಿ ತಿರುಗಿ ಅಷ್ಟೂ ದೂರ ನಡೆದು ಬಾಗಿಲಿಗೆ ಬಂದಳು. ಮೊಮ್ಮಗಳು ತೆರೆದ ಪುಸ್ತಕದ ಮುಂದೆ ಕುಳಿತಿದ್ದಳು. ಇಡೀ ಮಂದಿರದಲ್ಲಿ ಕುಳಿತಿದ್ದವಳು ಅವಳೊಬ್ಬಳೇ.

"ನನ್ನದು ಬರೆದೆಯೇನೆ?"

"ಬರೆದೆ ಅಜ್ಜಿ. ‘ಯಾಸಿಗಿ, ಮೀನುಗಾರರ ಹಿರಿಯಳು. ಎಲ್ಲರಿಗಿಂತ ಹೆಚ್ಚು ಬಾಗಿ ಬಂದಳು.’"

ಮುದುಕಿ ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟಳು, ಕೋಲಿಗೆ ಇನ್ನೊಂದು. ನೆಟ್ಟಗಾಗಲು ನೋಡಿದಳು. ಮೂಳೆಗಳು ಒಂದೊಂದಾಗಿ ಸದ್ದು ಮಾಡಿದವು, ಬೆನ್ನು ಮಾತ್ರ ಕೇಳಲಿಲ್ಲ. ಬಾಗಿದ್ದ ಹಾಗೆಯೇ ಉಸಿರು ಸುಧಾರಿಸಿಕೊಂಡು ಪುಸ್ತಕದ ಮೇಲೆ ಬೆರಳಿಟ್ಟಳು.

"ಅದರ ಪಕ್ಕದಲ್ಲಿ ಜಾಗ ಇದೆಯಲ್ಲ, ಇಲ್ಲಿ. ಬರಿ ಕಂದ. ‘ಅವಳಿಗೆ ಬೆನ್ನುನೋವು ಇತ್ತು’ ಅಂತ ಬರಿ."