ಬೊಗಳಿದರೆ ಬಾಕಿ

"ಕೇಳಿಸಿದಾಗ ಮಾತ್ರ ಗುಂಡಿ ಒತ್ತಬೇಕು," ಎಂದು ಅವನು ಎರಡನೆಯ ಸಲ ಹೇಳಿದ.

ಗಾಜಿನಾಚೆಯ ಸಣ್ಣ ಕೋಣೆಯಲ್ಲಿ, ಕಿವಿಗಳ ಮೇಲೆ ದಪ್ಪ ಹೆಡ್‌ಫೋನ್ ಏರಿಸಿಕೊಂಡು ಕೂತಿದ್ದ ಬಸ್ ಡ್ರೈವರ್ ವಿಧೇಯನಾಗಿ ತಲೆಯಾಡಿಸಿದ. ಆಡಿಸಿದವನೇ ಗುಂಡಿ ಒತ್ತಿದ. ಮತ್ತೆ ಒತ್ತಿದ.

"ನಾನಿನ್ನೂ ಶಬ್ದ ಕೊಟ್ಟಿಲ್ಲ."

"ಇಲ್ಲ ಸಾರ್, ಸಣ್ಣಗೆ ಕೇಳಿಸ್ತು."

ಇಂಥವರನ್ನು ಅವನು ದಿನಾ ನೋಡುತ್ತಿದ್ದ. ಕೆಲಸ ಉಳಿಸಿಕೊಳ್ಳಲು ಬಂದವರು ಇಲ್ಲದ್ದನ್ನು ಕೇಳಿಸಿತು ಎನ್ನುತ್ತಿದ್ದರು. ಪರಿಹಾರಕ್ಕೆ ಬಂದವರು ಕೇಳಿಸಿದ್ದನ್ನೂ ಇಲ್ಲ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಎಲ್ಲರೂ ಅವನನ್ನು ಕಿವಿ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಅವನು ಡಾಕ್ಟರಲ್ಲ, ಕಿವಿ ಪರೀಕ್ಷಿಸುವವನು ಅಷ್ಟೆ. ಮೊದಮೊದಲು ತಿದ್ದುತ್ತಿದ್ದ. ಆಮೇಲೆ ತಿದ್ದುವುದಕ್ಕೂ ಮಾತಾಡಬೇಕಲ್ಲ ಎಂದು ಬಿಟ್ಟುಬಿಟ್ಟ.

ಮೇಜಿನ ಮೇಲೆ ಫೋನು ಸದ್ದಿಲ್ಲದೆ ಬೆಳಗಿತು. ಟೈಲ್ಸ್ ಅಂಗಡಿಯವನು. ಬೆಳಕು ತಾನಾಗಿ ಆರುವವರೆಗೂ ನೋಡಿದ. ಮತ್ತೆ ಬೆಳಗಿತು. ಈ ಸಲ ಎತ್ತಿದ.

"ಸಾರ್, ಇವತ್ತು ಇತ್ಯರ್ಥ ಆಗ್ಲೇಬೇಕು. ಒಂದೋ ಅದು ಬೊಗಳ್ಬೇಕು, ನಾನು ಬಾಕಿ ದುಡ್ಡು ಕೈಗಿಡ್ತೀನಿ. ಇಲ್ಲ, ನೀವು ನಾಯೀನ ಕರ್ಕೊಂಡು ಹೋಗಿ ನನ್ನ ಅಡ್ವಾನ್ಸ್ ವಾಪಸ್ ಕೊಡಿ. ಸಂಜೆ ಬನ್ನಿ."

"ಇನ್ನೊಂದು ಸ್ವಲ್ಪ ದಿನ..."

"ಸಂಜೆ."

ಗಾಜಿನಾಚೆ ಡ್ರೈವರ್ ಗುಂಡಿ ಒತ್ತುತ್ತಲೇ ಇದ್ದ.

ನಾಯಿ ಮಾರಿದ್ದು ಹೋದ ತಿಂಗಳು. ಅರ್ಧ ಹಣ ಮೊದಲು, ಉಳಿದರ್ಧ ಅದು ಮನೆಗೆ ಹೊಂದಿಕೊಂಡ ಮೇಲೆ ಎಂದು ಮಾತಾಗಿತ್ತು. 'ಕಾವಲಿಗೆ ಹೇಳಿ ಮಾಡಿಸಿದ ನಾಯಿ' ಎಂದು ಜಾಹೀರಾತಿಗೆ ಬರೆದವಳು ಹೆಂಡತಿ. ಅವನು ಓದಿದ್ದ, ಏನೂ ಹೇಳಿರಲಿಲ್ಲ. ಕಪ್ಪು ಮೈ, ಅಗಲ ಎದೆ. ನೋಡಿದವರು ತಾವಾಗಿ ಹಿಂದೆ ಸರಿಯುವಂಥ ಪ್ರಾಣಿ. ಬೊಗಳುತ್ತದೆಯೇ ಎಂದು ಟೈಲ್ಸ್ ಅಂಗಡಿಯವನು ಕೇಳಲಿಲ್ಲ. ಮೀನು ಕೊಳ್ಳುವವರು ಈಜುತ್ತದೆಯೇ ಎಂದು ಕೇಳುತ್ತಾರೆಯೇ?

ನಾಯಿಯೇನೂ ಹುಟ್ಟಾ ಮೂಗನಲ್ಲ. ಬಂದ ಹೊಸದರಲ್ಲಿ ಮೆಟ್ಟಿಲ ಸಪ್ಪಳಕ್ಕೆ, ಲಿಫ್ಟಿನ ಬಾಗಿಲಿಗೆ, ಪಕ್ಕದ ಮನೆಯವರ ಸೀನಿಗೆ ಕೂಡ ಬೊಗಳಿ ಬೊಗಳಿ ಇಡೀ ಕಟ್ಟಡವನ್ನು ಅವನ ಬಾಗಿಲಿಗೆ ತಂದು ನಿಲ್ಲಿಸಿತ್ತು. ಆಗ ಅವನು ಕಲಿಸಿದ. ಹೊಡೆಯಲಿಲ್ಲ, ಗದರಲಿಲ್ಲ. ಅದು ಬೊಗಳಿದ ಕ್ಷಣ ಎದ್ದು ಕೋಣೆಯಿಂದ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಒಳಗೆ ಅದು ಬಾಗಿಲು ಕೆರೆದು, ಮುಲುಗಿ, ಸುಸ್ತಾಗಿ ಸುಮ್ಮನಾದ ಮೇಲೆ ಬಂದು ತಲೆ ಸವರುತ್ತಿದ್ದ. ಕೆಲವೇ ತಿಂಗಳಲ್ಲಿ ನಾಯಿಗೆ ಅರ್ಥವಾಯಿತು. ಬೊಗಳು ಗಂಟಲಿಗೆ ಬಂದಾಗ ಅದರ ಮೈಯೆಲ್ಲ ಒಮ್ಮೆ ಅದುರುತ್ತಿತ್ತು. ನುಂಗಿಕೊಂಡು ಅವನ ಮುಖ ನೋಡುತ್ತಿತ್ತು.

"ಎಲ್ಲಿ ಕಲಿತ್ರಿ ಈ ವಿದ್ಯೇನ?" ಎಂದು ಹೆಂಡತಿ ಕೇಳಿದ್ದಳು.

"ಎಲ್ಲೂ ಇಲ್ಲ."

"ಗೊತ್ತು ಬಿಡಿ. ಇಷ್ಟು ವರ್ಷ ನನ್ನ ಮೇಲೆ ಅಭ್ಯಾಸ ಮಾಡಿದೀರಲ್ಲ."

ಆಮೇಲೊಂದು ದಿನ, ಊಟದ ತಟ್ಟೆಗಳ ಮುಂದೆ, ಅವಳು ಬಹಳ ಶಾಂತವಾಗಿ ಹೇಳಿದಳು: "ಒಂದೇ ಮನೇಲಿ ಇಬ್ಬಿಬ್ಬರು ಮೂಗರನ್ನ ಸಾಕೋದು ನನ್ನ ಕೈಲಾಗಲ್ಲ ರೀ. ಒಬ್ಬರು ಹೋಗ್ಬೇಕು."

ಯಾರು ಎಂದು ಹೇಳಲಿಲ್ಲ. ಅವನು ನಾಯಿಯನ್ನು ಮಾರಿದ.

ಮಧ್ಯಾಹ್ನ ರಜೆ ಹಾಕಿ ಮನೆಗೆ ಹೋದಾಗ ಅವಳು ಮಂಚದ ಮೇಲೆ ಬಟ್ಟೆ ಮಡಿಸುತ್ತ ಕೂತಿದ್ದಳು. ಟೈಲ್ಸ್ ಅಂಗಡಿಯವನ ಅಡ್ವಾನ್ಸು ಬಟ್ಟೆ ಒಗೆಯುವ ಮಷೀನಾಗಿ ಬಚ್ಚಲ ಪಕ್ಕದಲ್ಲಿ ಗರಗರ ತಿರುಗುತ್ತಿತ್ತು.

"ಏನಂತೆ?"

"ಬೊಗಳಲ್ವಂತೆ."

"ಅದೇನು ಹೊಸ ವಿಷಯ? ದುಡ್ಡು?"

"ಬೊಗಳಿದ್ರೆ ಬಾಕಿ ಕೊಡ್ತಾನಂತೆ. ಇಲ್ಲಾಂದ್ರೆ ವಾಪಸ್."

ಅವಳು ಅವನ ಅಂಗಿಯ ತೋಳನ್ನು ಎದೆಯ ಮೇಲೆ ಮಡಚಿ, ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿದಳು.

"ಅದು ಈ ಹೊಸ್ತಿಲು ಒಳಗೆ ದಾಟಿದ್ರೆ ನಾನು ಹೊರಗೆ ದಾಟ್ತೀನಿ. ತಮಾಷೆ ಅಲ್ಲ. ಅಕ್ಕನಿಗೆ ಹೇಳಿಟ್ಟಿದೀನಿ, ರೂಮು ಖಾಲಿ ಮಾಡಿಸಿದಾಳೆ."

ಅವನು ನಿಂತೇ ಇದ್ದ.

"ಏನಾದ್ರೂ ಹೇಳ್ರೀ. ಹೋಗ್ಬೇಡ ಅನ್ನಿ. ತೊಲಗು ಅನ್ನಿ. ಏನಾದ್ರೂ."

ಅವನು ನಿಜವಾಗಿಯೂ ಯೋಚಿಸಿದ. "ಬರೋದು ಲೇಟಾಗಬಹುದು," ಎಂದ.

ಅವಳು ನಕ್ಕುಬಿಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವನ ಅಂಗಿಯಿಂದಲೇ ಒರೆಸಿಕೊಂಡು, ಅದನ್ನು ಮತ್ತೆ ಮಡಿಸತೊಡಗಿದಳು.

ಮೆಟ್ಟಿಲಿಳಿಯುವಾಗ ಅವನಿಗೆ ಒಂದು ಚಿತ್ರ ಬಂತು. ಬೊಗಳದ ನಾಯಿ ವಾಪಸು ಬಂದಿದೆ. ಅವಳು ಹೋಗಿದ್ದಾಳೆ. ಅವನು ಕುರ್ಚಿಯಲ್ಲಿ, ಅದು ನೆಲದ ಮೇಲೆ. ಯಾರೂ ಯಾರನ್ನೂ ಏನೂ ಕೇಳುತ್ತಿಲ್ಲ. ಚಿತ್ರದಲ್ಲಿ ಹೆದರಿಕೆಯಾಗುವಂಥದ್ದು ಏನೂ ಇರಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಕಂಬಿ ಹಿಡಿದು ನಿಂತ. ಬೊಗಳಬೇಕು, ಎಂದುಕೊಂಡ. ಹೇಗಾದರೂ ಮಾಡಿ ಬೊಗಳಿಸಬೇಕು.

ಟೈಲ್ಸ್ ಅಂಗಡಿಯವನ ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂಬ ಹೊಸ ಫಲಕ ತೂಗುತ್ತಿತ್ತು. ಎಚ್ಚರಿಕೆಯ ನಾಯಿ ಅವನ ವಾಸನೆ ಹಿಡಿದು ಅಂಗಳದ ತುದಿಯಿಂದ ಓಡಿ ಬಂತು. ಮೊಣಕಾಲಿಗೆ ತಲೆ ಒತ್ತಿತು. ಬಾಲದಿಂದ ಬೆನ್ನಿನವರೆಗೂ ಕುಣಿಯಿತು. ಒಂದು ಸದ್ದಿಲ್ಲ.

"ನೋಡಿ, ನೋಡಿ! ಇದೇ ನಾಟಕ," ಎಂದು ಟೈಲ್ಸ್ ಅಂಗಡಿಯವನು ಹಣೆ ಚಚ್ಚಿಕೊಂಡ. ದಪ್ಪಗೆ, ಬೆವರುತ್ತ, ಮೋಸಹೋದವನ ಸಂಭ್ರಮದಲ್ಲಿದ್ದ. ಮೊಬೈಲು ತೆಗೆದು ಮನೆಯ ಕ್ಯಾಮೆರಾದಲ್ಲಿ ಸೆರೆಯಾಗಿದ್ದನ್ನು ತೋರಿಸಿದ. ಯಾರೋ ಒಬ್ಬ ನೀರಿನ ಮೋಟಾರನ್ನು ಹೆಗಲ ಮೇಲೆ ಹೊತ್ತು ಅಂಗಳ ದಾಟುತ್ತಿದ್ದಾನೆ. ಪಕ್ಕದಲ್ಲಿ ನಾಯಿ, ಹೆಜ್ಜೆಗೆ ಹೆಜ್ಜೆ ಹಾಕುತ್ತ.

"ಗೇಟಿನವರೆಗೂ ಹೋಗಿ ಕಳಿಸಿಕೊಟ್ಟು ಬಂದಿದೆ ಸಾರ್! ಬೀಗರನ್ನ ಕಳಿಸಿಕೊಡೋ ಹಾಗೆ! ನಾನು ಬೇರೆ ಇದಕ್ಕೆ ಡೇಂಜರ್ ಅಂತ ಹೆಸರಿಟ್ಟಿದೀನಿ. ಬೀದಿಯೋರೆಲ್ಲ ನನ್ನ ನೋಡಿ ನಗ್ತಾರೆ."

"ಬೊಗಳುತ್ತಲ್ಲೋ," ಎಂದಳು ಜಗಲಿಯ ಕುರ್ಚಿಯಲ್ಲಿದ್ದ ಅವನ ತಾಯಿ. "ದಿನಾ ಬೊಗಳುತ್ತೆ. ನಾನು ಕೇಳ್ತೀನಿ."

"ಅಮ್ಮಾ, ನಿಂಗೆ ಕುಕ್ಕರ್ ಕೂಗಿದ್ದೇ ಕೇಳ್ಸಲ್ಲ. ಸುಮ್ನಿರು."

"ಕುಕ್ಕರ್ ಬೇರೆ, ಇದು ಬೇರೆ. ನೀನು ಚಿಕ್ಕೋನು, ನಿಂಗೇನು ಗೊತ್ತು."

"ಐವತ್ತಾಯ್ತಮ್ಮ ನಂಗೆ!" ಟೈಲ್ಸ್ ಅಂಗಡಿಯವನು ಇತ್ತ ತಿರುಗಿದ. "ನಿಮ್ಮನೇಲಿ ಬೊಗಳ್ತಿತ್ತಾ? ಎದೆ ಮುಟ್ಟಿಕೊಂಡು ಹೇಳಿ."

"ಬೊಗಳ್ತಿತ್ತು," ಎಂದ ಅವನು. ಯಾವಾಗ ಎಂದು ಕೇಳಿರಲಿಲ್ಲವಲ್ಲ.

"ಹಾಗಾದ್ರೆ ಪರೀಕ್ಷೆ ಮಾಡೇ ಬಿಡೋಣ." ಉಪಾಯ ಮೊದಲೇ ಸಿದ್ಧವಾಗಿತ್ತು. ಒಳಗಿನಿಂದ ಒಂದು ರೇನ್‌ಕೋಟು, ಒಂದು ಹೆಲ್ಮೆಟ್ಟು ಬಂದವು. "ಹಿಂದಿನ ಗೋಡೆ. ಆ ಕಡೆ ಇಟ್ಟಿಗೆ ರಾಶಿ ಇದೆ, ಹತ್ತೋದು ಸುಲಭ. ಮೇಲೆ ಟೈಲ್ಸ್ ಚೂರು ನೆಟ್ಟಿದೀನಿ, ಗೋಣಿಚೀಲ ಹಾಕ್ಕೊಳ್ಳಿ. ಕಳ್ಳನ ಥರ ಬನ್ನಿ. ಬೊಗಳಿದ್ರೆ ಆ ಕ್ಷಣವೇ ದುಡ್ಡು."

"ನಾನಾ?"

"ಮತ್ಯಾರು? ಮಾರಿದೋರು ನೀವು."

"ಬೇರೆ ಯಾರಾದ್ರೂ ಆದ್ರೆ..."

"ಬೇರೆಯೋರನ್ನ ಕಚ್ಚಿಬಿಟ್ರೆ? ನಿಮ್ಮನ್ನಾದ್ರೆ ಕಚ್ಚಲ್ಲ, ಗುರುತಿದೆ."

ಗುರುತು ಸಿಗಬಾರದೆಂದು ವೇಷ, ಗುರುತಿದೆಯೆಂದು ಅವನು. ಈ ತರ್ಕದಲ್ಲಿ ಎಲ್ಲೋ ಒಂದು ತೂತಿತ್ತು. ಬೆರಳಿಟ್ಟು ತೋರಿಸುವಷ್ಟರಲ್ಲಿ ಹೆಲ್ಮೆಟ್ಟು ತಲೆಯ ಮೇಲೆ ಬಂದಾಗಿತ್ತು.

ಹಿಂದಿನ ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಹೆಲ್ಮೆಟ್ಟಿನೊಳಗೆ ಬೇರೆಯವರ ಬೆವರಿನ ವಾಸನೆ, ತನ್ನದೇ ಉಸಿರು. ಹೊರಗಿನ ಸದ್ದೆಲ್ಲ ದೂರ ಸರಿದಿತ್ತು. ಗಾಜಿನಾಚೆಯ ಕೋಣೆಯಲ್ಲಿ ಕೂತವರಿಗೆ ಹೀಗೇ ಅನಿಸುತ್ತಿರಬೇಕು. ಇಟ್ಟಿಗೆಯ ಮೇಲೆ ಕಾಲಿಟ್ಟು, ಚೂರುಗಳ ಮೇಲೆ ಗೋಣಿಚೀಲ ಹಾಸಿ, ಅವನು ಒಂದು ಕಾಲನ್ನು ಒಳಗೆ ದಾಟಿಸಿದ.

ಮುಂದಿನ ಅಂಗಳದಿಂದ ನಾಯಿ ಬಂತು. ಅವಸರವಿಲ್ಲದೆ ಬಂದು ಗೋಡೆಯ ಕೆಳಗೆ ನಿಂತಿತು. ತಲೆಯೆತ್ತಿ ನೋಡಿತು. ಅವನೂ ನೋಡಿದ. ಅದರ ಬಾಲ ಒಮ್ಮೆ ಆಡಿ ನಿಂತಿತು.

ನೀರಿನ ತೊಟ್ಟಿಯ ಮರೆಯಿಂದ ಟೈಲ್ಸ್ ಅಂಗಡಿಯವನು ಕೈಸನ್ನೆ ಮಾಡಿದ: ಇನ್ನೂ ಸ್ವಲ್ಪ ಒಳಗೆ, ಇನ್ನೂ ಸ್ವಲ್ಪ.

ಬೊಗಳು, ಎಂದುಕೊಂಡ ಅವನು. ಬೊಗಳಬೇಡ, ಎಂದೂ ಅನಿಸಿತು. ನಾಯಿಯ ಮೈ ಅದುರಿತು. ಅದು ಈಗ ನುಂಗಿಕೊಳ್ಳುತ್ತದೆ ಎಂದು ಅವನು ಕಾದ.

ಬೊಗಳಿತು.

ಒಂದೇ ಒಂದು, ತುಕ್ಕು ಹಿಡಿದ ಬಾಗಿಲು ತೆರೆದಂತೆ. ನಾಯಿಯೇ ಬೆಚ್ಚಿ ಹಿಂದಕ್ಕೆ ಸರಿಯಿತು, ತನ್ನ ಸದ್ದು ಯಾರದೆಂದು ತಿಳಿಯದ ಹಾಗೆ. ಆಮೇಲೆ ಮತ್ತೊಂದು. ಆಮೇಲೆ ಎಣಿಕೆಯಿಲ್ಲ. ಗೋಡೆಗೆ ಮುಂಗಾಲು ಚಾಚಿ, ಹಲ್ಲು ತೋರಿಸಿ, ಜೊಲ್ಲು ಸುರಿಸಿ, ತಿಂಗಳುಗಟ್ಟಲೆ ಒಳಗೆ ಇಳಿಸಿಕೊಂಡದ್ದನ್ನೆಲ್ಲ ಅವನ ಮೇಲೆ ಕಾರತೊಡಗಿತು.

"ಬೊಗಳ್ತು! ಅಮ್ಮಾ, ಬೊಗಳ್ತು!" ಟೈಲ್ಸ್ ಅಂಗಡಿಯವನು ಕುಣಿದ. "ಇರಿ ಸಾರ್, ಅಲ್ಲೇ ಇರಿ, ಬಾಕಿ ತಂದೆ!" ಒಳಗೆ ಓಡಿದ.

ಅವನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ. ನಾನು ಕಣೋ, ಎಂದು ತೋರಿಸಬೇಕಿತ್ತು. ಹೆಲ್ಮೆಟ್ಟು ತೆಗೆದು ಮುಖವನ್ನು ಕೆಳಗೆ ಬಾಗಿಸಿದ. ನಾಯಿ ನೋಡಿತು. ಚೆನ್ನಾಗಿ, ಸಾವಕಾಶವಾಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿತು. ಹಿಂದೆಂದಿಗಿಂತ ಜೋರಾಗಿ ಬೊಗಳಿತು.

ಹೊರಗಿಳಿಯೋಣವೆಂದು ತಿರುಗಿದರೆ ಬೀದಿಯಲ್ಲಿ ಜನ.

"ಮೋಟಾರ್ ಕದ್ದೋನೇ ಇವನು!" ಎದುರು ಮನೆಯ ಮಹಡಿಯಿಂದ ಒಬ್ಬ ಹೆಂಗಸು ಕೂಗಿದಳು. "ರುಚಿ ಹತ್ತಿ ಮತ್ತೆ ಬಂದಿದಾನೆ! ಹಿಡ್ಕೊಳ್ಳಿ!"

"ಯಾರೋ ನೀನು?"

"ನೋಡೋಕೆ ಓದಿದೋನ ಥರ ಇದಾನಲ್ಲ."

"ಓದಿದೋರೇ ಗೋಡೆ ಹತ್ತೋದು ಈಗ. ಯಾರ ಮನೆಯವನಯ್ಯಾ? ಬಾಯಿ ಬಿಡು!"

ಯಾರೋ ಅವನ ಹೊರಗಿನ ಪಾದವನ್ನು ಹಿಡಿದುಕೊಂಡರು. ಒಳಗೆ ನಾಯಿ ನೆಗೆದು ರೇನ್‌ಕೋಟಿನ ಅಂಚು ಕಚ್ಚಿತು. ಗೋಣಿಚೀಲ ಜಾರಿ ತೊಡೆಗೆ ಚೂರುಗಳು ತಾಗಿದವು. ಟೈಲ್ಸ್ ಅಂಗಡಿಯವನು ನೋಟುಗಳನ್ನು ಹಿಡಿದು ಹಿತ್ತಿಲ ಬಾಗಿಲಿಗೆ ಬಂದಿದ್ದ. ನಾಯಿಯ ಆ ರೂಪ ಕಂಡು ಅಲ್ಲೇ ನಿಂತ. "ತಗೊಳ್ಳಿ ಸಾರ್," ಎಂದು ಅಷ್ಟು ದೂರದಿಂದಲೇ ಕೈ ಚಾಚಿದ. ಇನ್ನೊಂದು ಕೈಯಲ್ಲಿ ಬಾಗಿಲು ಎಳೆದುಕೊಳ್ಳಲು ಸಿದ್ಧನಾಗಿದ್ದ.

ಅವನು ಎರಡೂ ಕೈಗಳಿಂದ ಗೋಡೆಯನ್ನು ಹಿಡಿದುಕೊಂಡ. ಹೇಳಬೇಕಾದದ್ದು ಬಹಳ ಸುಲಭವಿತ್ತು. ನಾನು ಕಳ್ಳನಲ್ಲ. ಇದು ನನ್ನ ನಾಯಿ. ಇದು ನನ್ನ ನಾಯಿಯಾಗಿತ್ತು. ಅವನು ಬಾಯಿ ತೆರೆದ.

ನಾಯಿ ಥಟ್ಟನೆ ಸುಮ್ಮನಾಯಿತು. ಕಚ್ಚಿದ್ದನ್ನು ಬಿಟ್ಟು, ಹಿಂದೆ ಸರಿದು, ಕೂತು, ಕಿವಿ ನಿಮಿರಿಸಿತು. ಅದನ್ನು ಕಂಡು ಬೀದಿಯೂ ಸುಮ್ಮನಾಯಿತು. ಕಾಲು ಹಿಡಿದವನು ಹಿಡಿ ಸಡಿಲಿಸಲಿಲ್ಲ, ಎಳೆಯಲೂ ಇಲ್ಲ. ಮಹಡಿಯ ಹೆಂಗಸು ಮುಂದಕ್ಕೆ ಬಾಗಿದಳು.

ಎಲ್ಲರೂ ಕಾಯುತ್ತಿದ್ದರು. ಗೋಡೆಯ ಮೇಲೆ ಅವನ ಬಾಯಿ ತೆರೆದೇ ಇತ್ತು.